ಮೇಬಲ್ ಬಾಯಿಯ ಕೆಂಪು ಬಲ್ಬು

ಪರ್ಕಳದ ಮುಖ್ಯರಸ್ತೆಯ ಬದಿಯಲ್ಲಿ, ಔಷಧದಂಗಡಿಯ ಮೇಲಿನ ಮಾಳಿಗೆಯಲ್ಲಿ, ಒಂದು ಸೈಬರ್ ಸೆಂಟರಿನ ಶಟರು ಬೆಳಕು ಹರಿಯುವ ಹೊತ್ತಿಗೆ ಮೇಲೇಳುತ್ತದೆ. ಎತ್ತುವವರು ನಲವತ್ತು ದಾಟಿದ ಒಬ್ಬ ಹೆಂಗಸು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಶಿಲುಬೆಯ ಗುರುತು ಮಾಡಿ, ಪೊರಕೆ ಹಿಡಿಯುತ್ತಾರೆ. ಬಾಡಿಗೆ ಕೋಣೆಗಳ ವಿದ್ಯಾರ್ಥಿಗಳು ಹಿಂದಿನ ಸಂಜೆ ಬಿಟ್ಟುಹೋದ ಚಿಪ್ಸಿನ ತೊಟ್ಟೆಗಳನ್ನು ಗುಡಿಸಿ, ಕೀಬೋರ್ಡುಗಳನ್ನು ಒರೆಸಿ, ಕಂಪ್ಯೂಟರುಗಳನ್ನು ಒಂದೊಂದಾಗಿ ಎಬ್ಬಿಸುತ್ತಾರೆ. ಕಿಟಕಿಯ ಪಕ್ಕದ್ದಕ್ಕೆ ಕೊನೆಯ ಸರದಿ. ಅದರ ಮುಂದೆ ಕುಳಿತು ತಮ್ಮ ಪುಟವನ್ನು ತೆರೆದು, ರಾತ್ರಿ ಬಂದು ಬಿದ್ದಿರುವ ಪ್ರತಿಕ್ರಿಯೆಗಳನ್ನು ಬೆರಳಿಟ್ಟು ಓದುತ್ತಾರೆ.

“ದುಬಾಯಿಯಿಂದ ಉಂಟು, ಮಸ್ಕತ್ತಿನಿಂದ ಉಂಟು. ಬೊಂಬಾಯಿಯಿಂದ ಒಬ್ಬರು ಜಗಳಕ್ಕೇ ಬಂದಿದ್ದಾರೆ” ಎನ್ನುತ್ತಾರೆ. ಬೆರಳು ಪುಟದ ತುದಿಗೆ ಬಂದು ನಿಲ್ಲುತ್ತದೆ. “ಕುವೈತಿನಿಂದ ಇಲ್ಲ. ಇವತ್ತೂ ಇಲ್ಲ.”

ಕುವೈತಿನಲ್ಲಿರುವ ಒಬ್ಬಳು ಮಗಳು ಕಾಪುವಿನಲ್ಲಿರುವ ತನ್ನ ತಂದೆಗೆ ಫೋನ್ ಮಾಡುವುದನ್ನು ಬಿಟ್ಟಿದ್ದಾಳೆ. ಬಿಡುವಂತಾದದ್ದು ತನ್ನಿಂದ ಎಂದು ಈ ಹೆಂಗಸು ತಿಳಿದಿದ್ದಾರೆ. ಆ ಮಗಳ ಒಂದು ಮಾತಿಗಾಗಿ ಪ್ರತಿದಿನ ಬೆಳಿಗ್ಗೆ ಈ ಹುಡುಕಾಟ.

ಇವರು ಇನ್ನಂಜೆಯ ಮೇಬಲ್. ಸೆಂಟರಿಗೆ ಬರುವವರಿಗೆಲ್ಲ ಮೇಬಲ್ ಬಾಯಿ. ಸಂಬಳದ ಕೆಲಸ ಸೆಂಟರನ್ನು ನೋಡಿಕೊಳ್ಳುವುದು. ಸಂಬಳವಿಲ್ಲದ ಕೆಲಸ ಒಂದು ಬ್ಲಾಗ್ ನಡೆಸುವುದು. ಬ್ಲಾಗ್ ಎಂದರೆ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ತಮಗೆ ತೋಚಿದ್ದನ್ನು ಬರೆದು ಹಾಕಬಹುದಾದ ಪುಟ; ಓದಿದವರು ಅದರ ಕೆಳಗೆ ತಮ್ಮ ಮಾತನ್ನು ಸೇರಿಸಬಹುದು, ಹೆಸರು ಹಾಕಿಯೂ ಹಾಕದೆಯೂ. ಯಾವ ದೇಶದಿಂದ ಯಾರು ಬಂದು ನೋಡಿ ಹೋದರೆಂದು ಪುಟದ ಬದಿಯಲ್ಲಿ ಸಣ್ಣ ಬಾವುಟಗಳು ಮೂಡುತ್ತವೆ. ಮೇಬಲ್ ಅವರ ಪುಟದ ಹೆಸರು ‘ಕೂತು ಮಾತಾಡುವ’. ವಾರಕ್ಕೊಬ್ಬರನ್ನು ಕೂರಿಸಿ ಮಾತಾಡಿಸಿ, ಆ ಮಾತನ್ನು ಕನ್ನಡದಲ್ಲಿ ಟೈಪ್ ಮಾಡಿ ಶನಿವಾರ ಹಾಕುತ್ತಾರೆ.

ಕಾರ್ಕಳ, ಉಡುಪಿ ಕಡೆಯ ಹಳಬರಿಗೆ ಈ ಹೆಸರು ಪರಿಚಿತ. ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿನ ಕೇಬಲ್ ಟಿವಿಯಲ್ಲಿ ಪ್ರತಿ ಶನಿವಾರ ಸಂಜೆ ಇದೇ ಹೆಸರಿನ ಕಾರ್ಯಕ್ರಮ ಬರುತ್ತಿತ್ತು. ನಡೆಸುತ್ತಿದ್ದವರು ಕಾರ್ಕಳದ ಲೀಲಾಧರ. ಎರಡು ಬೆತ್ತದ ಕುರ್ಚಿ, ನಡುವೆ ಒಂದು ಮೇಜು, ಹಿಂದೆ ನೀಲಿ ಪರದೆ. ಬಂದವರು ಕುಳಿತ ಕೂಡಲೇ ಪರದೆಯ ಅಂಚಿನಿಂದ ಒಂದು ಕೈ ಬಂದು ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಹಿಂದಕ್ಕೆ ಹೋಗುತ್ತಿತ್ತು. ಮುಖ ಎಂದೂ ಕಂಡದ್ದಿಲ್ಲ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಒಲೆ ಆರುತ್ತಿತ್ತು. “ಕೈ ಬಂತು ನೋಡಿ” ಎಂದು ನನ್ನಾಕೆ ಕರೆಯುತ್ತಿದ್ದಳು. ಆ ಕೈ ಮೇಬಲ್ ಅವರದು.

ತಂದೆ ಬೇಗ ತೀರಿಕೊಂಡ ಮನೆ. ತಾಯಿ, ಇಬ್ಬರು ತಂಗಿಯರು. ಮೇಬಲ್ ಎಸ್ಸೆಸ್ಸೆಲ್ಸಿ ಮುಗಿಸಿ ಕಾಪುವಿನ ಒಂದು ಎಸ್‌ಟಿಡಿ ಬೂತಿನಲ್ಲಿ ಕುಳಿತರು. ಕೊಲ್ಲಿಗೆ ಹೋದವರ ಮನೆಯವರು ಬಂದು ಲೈನಿಗಾಗಿ ಕಾಯುತ್ತಿದ್ದ ಕಾಲ ಅದು. ಲೈನು ಸಿಗದೆ ಹೋದರೆ ಅವರ ಸಿಟ್ಟೆಲ್ಲ ಬೂತಿನವಳ ಮೇಲೆ. ಹಾಗೆ ರೇಗುತ್ತಿದ್ದ ಒಬ್ಬ ಗಿರಾಕಿಯನ್ನು ಈಕೆ ಕೂರಿಸಿ, ಅವನ ಊರು ಮನೆ ವಿಚಾರಿಸಿ, ಕೊನೆಗೆ ನಗಿಸಿ ಕಳುಹಿಸಿದ್ದನ್ನು ಫೋನ್ ಮಾಡಲು ಬಂದಿದ್ದ ಲೀಲಾಧರ ನೋಡಿದರು. ಕಾರ್ಯಕ್ರಮಕ್ಕೆ ವೀಕ್ಷಕರ ಕರೆಗಳನ್ನು ಹಿಡಿಯಲು ಅವರಿಗೆ ಜನ ಬೇಕಿತ್ತು. ಮರುವಾರದಿಂದಲೇ ಮೇಬಲ್ ಕಾರ್ಕಳದ ಬಸ್ಸು ಹತ್ತಿದರು. ಫೋನು ಹಿಡಿಯುವುದು, ಅತಿಥಿಗಳನ್ನು ಹುಡುಕಿ ತರುವುದು, ಚಹಾ ಕೊಟ್ಟು ಅವರ ಹೆದರಿಕೆ ಬಿಡಿಸುವುದು ಎಲ್ಲ ಅವರದೇ ಕೆಲಸವಾಯಿತು. ಹೊಸ ಚಾನೆಲ್ಲುಗಳು ತುಂಬಿ, ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮ ನಿಂತಿತು. ಲೀಲಾಧರ ಈಗ ಕಾರ್ಕಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾರೆ.

“ಮಾತಾಡಿದವನು ನಾನು, ಹೆಸರು ಬಂದದ್ದು ನನಗೆ. ಬಂದವರ ಬಾಯಿ ಬಿಡಿಸಿದ್ದು ಅವಳ ಚಹಾ” ಎಂದು ಅವರು ಅಂಗಡಿಯಲ್ಲಿ ಕುಳಿತು ನಗುತ್ತಾರೆ. “ಬ್ಲಾಗ್ ಅಂದರೆ ಹೊಸತು ಎಂತ ಮಾರಾಯ್ರೆ? ನನ್ನದೇ ಪ್ರೋಗ್ರಾಂ. ನನ್ನನ್ನು ಮಾತ್ರ ತೆಗೆದು ಹಾಕಿದ್ದಾಳೆ!”

ನಾನು ಇದನ್ನು ಹೇಳಿದರೆ ಮೇಬಲ್ ಒಪ್ಪುತ್ತಾರೆ. “ಎರಡೂ ಒಂದೇ, ಮಾಸ್ಟ್ರೆ. ಹೇಳಿದ ದಿನ ಬಾಗಿಲು ತೆಗೆಯಬೇಕು. ಬಂದವರಿಗೆ ಕುರ್ಚಿ ಕೊಡಬೇಕು. ಮೊದಲು ನಮ್ಮ ಮನೆಯದ್ದು ಒಂದು ಹೇಳಬೇಕು, ಮತ್ತೆ ಅವರ ಮನೆಯದ್ದು ಕೇಳಬೇಕು. ಬರೇ ಕೇಳಿದರೆ ಯಾರು ಹೇಳುತ್ತಾರೆ? ನಾವೆಂತ ಪೊಲೀಸರಾ?”

ಲೀಲಾಧರ ಪ್ರತಿ ಶನಿವಾರ ತಮ್ಮ ಮನೆಯ ಸೋರುವ ಟಾಂಕಿಯಿಂದಲೋ ಅತ್ತೆಯ ಬೈಗುಳದಿಂದಲೋ ಆರಂಭಿಸುತ್ತಿದ್ದರು. ಮೇಬಲ್ ಅವರ ಪುಟವೂ ಬಸ್ಸಿನ ಸೀಟಿನ ಜಗಳದಿಂದಲೋ ಒಣಗದ ಬಟ್ಟೆಯಿಂದಲೋ ಶುರುವಾಗುತ್ತದೆ. ಆಗ ಮನೆಯಲ್ಲಿ ಕುಳಿತವರು ಫೋನ್ ಮಾಡಿ ನಡುವೆ ಸೇರುತ್ತಿದ್ದರು. ಈಗ ಪ್ರತಿಕ್ರಿಯೆ ಬರೆದು ಸೇರುತ್ತಾರೆ. ಜನವೂ ಬಹಳ ಬದಲಾಗಿಲ್ಲ. ಆಗ ವಾರವಾರ ಫೋನಿನಲ್ಲಿ ತಕರಾರು ಮಾಡುತ್ತಿದ್ದ ಕಾರ್ಕಳದ ಒಬ್ಬ ಹಿರಿಯರು ಈಗ ಬೊಂಬಾಯಿಯಲ್ಲಿದ್ದಾರೆ. ಜಗಳಕ್ಕೆ ಬಂದಿದ್ದಾರೆ ಎಂದು ಬೆಳಿಗ್ಗೆ ಮೇಬಲ್ ಹೇಳಿದ್ದು ಅವರನ್ನೇ. “ಅಕ್ಷರದಲ್ಲಿಯೂ ಅದೇ ಸ್ವರ. ಹೆಸರು ಹಾಕದಿದ್ದರೂ ನನಗೆ ಗೊತ್ತಾಗ್ತದೆ.”

ಒಂದು ವ್ಯತ್ಯಾಸ ಮಾತ್ರ ಉಂಟು. ಟಿವಿಯಲ್ಲಿ ಶನಿವಾರದ ಮಾತು ಭಾನುವಾರ ಮತ್ತೊಮ್ಮೆ ಬಂದು ಮುಗಿಯುತ್ತಿತ್ತು. ಟೇಪು ದುಬಾರಿ, ಅದರ ಮೇಲೆಯೇ ಮುಂದಿನ ವಾರದ್ದನ್ನು ತುಂಬಿಸುತ್ತಿದ್ದರು. ಒಮ್ಮೆ ನನ್ನಾಕೆಯೂ ಆ ಕಾರ್ಯಕ್ರಮಕ್ಕೆ ಫೋನ್ ಮಾಡಿ ಹಲಸಿನ ಹಪ್ಪಳದ ವಿಷಯದಲ್ಲಿ ಲೀಲಾಧರರನ್ನು ತಿದ್ದಿದ್ದಳು. ಕಳೆದ ಕಾರ್ತಿಕದಲ್ಲಿ ಅವಳು ಹೋದಳು. ಆ ಟೇಪು ಎಲ್ಲಿಯಾದರೂ ಉಳಿದಿದೆಯೇ ಎಂದು ಕೇಳಿದೆ. “ಇಲ್ಲ ಮಾಸ್ಟ್ರೆ” ಎಂದರು ಮೇಬಲ್. ಕೃಷ್ಣನ ಇಚ್ಛೆ ಎಂದುಕೊಂಡೆ.

ಬ್ಲಾಗಿನ ಮಾತು ಹಾಗೆ ಅಳಿಯುವುದಿಲ್ಲ. ಇದು ತಿಳಿಯದೆ ಮೇಬಲ್ ಒಂದು ತಪ್ಪು ಮಾಡಿದರು. ಟಿವಿಯ ಚಹಾದ ಹೊತ್ತಿನಲ್ಲಿ ಬೆಳೆದವರಷ್ಟೇ ಮಾಡಬಹುದಾದ ತಪ್ಪು ಅದು. ಸ್ಟುಡಿಯೋದಲ್ಲಿ ಗೋಡೆಯ ಮೇಲೆ ಒಂದು ಕೆಂಪು ಬಲ್ಬು ಇತ್ತು. ಅದು ಉರಿಯುವ ಮೊದಲು ಚಹಾ ಕುಡಿಯುತ್ತ ಆಡಿದ್ದು ಚಹಾದ ಮಾತು. ಉರಿದ ಮೇಲೆ ಆಡಿದ್ದು ಕಾರ್ಯಕ್ರಮದ ಮಾತು. ಗಡಿ ಎಲ್ಲರಿಗೂ ಕಾಣುತ್ತಿತ್ತು. ಬ್ಲಾಗಿಗೆ ಕ್ಯಾಮರಾ ಇಲ್ಲ, ಬಲ್ಬೂ ಇಲ್ಲ. ಚಹಾ ಮಾತ್ರ ಇತ್ತು.

ಕಳೆದ ಫೆಬ್ರವರಿಯಲ್ಲಿ ಅವರು ಕಾಪುವಿನ ಪಾಸ್ಕಲ್ ಎಂಬ ದರ್ಜಿಯನ್ನು ಮಾತಾಡಿಸಿದರು. ರಜೆಯಲ್ಲಿ ಬಂದು ಮದುವೆಯಾಗಿ ಹೋಗುವ ಕೊಲ್ಲಿಯ ಮದುಮಗಂದಿರಿಗೆ ಕೋಟು ಹೊಲಿಯುವವರು ಈ ಪಾಸ್ಕಲ್. ಹೆಂಡತಿ ಇಲ್ಲ, ಇರುವುದು ಒಬ್ಬಳೇ ಮಗಳು, ಕುವೈತಿನಲ್ಲಿರುವ ರೀನಾ. ಚಹಾ ಕುಡಿಯುತ್ತ ಅವರು ಮಗಳ ವಿಷಯದಲ್ಲಿ, ಮನೆಯೊಳಗೆ ಇರಬೇಕಾದ ಒಂದು ಮಾತನ್ನು ನಗುತ್ತ ಹೇಳಿದರು. ಮೇಬಲ್ ಅದನ್ನೂ ಬರೆದು ಹಾಕಿದರು. ಒಂದು ವಾರದೊಳಗೆ ಕುವೈತಿನ ನಮ್ಮವರಲ್ಲಿ ಅದು ಹರಡಿತು. ರೀನಾ ತಂದೆಗೆ ಒಮ್ಮೆ ಫೋನ್ ಮಾಡಿ ಅತ್ತು, ಮತ್ತೆ ಮಾಡಲಿಲ್ಲ. ಮೇಬಲ್ ಆ ಬರಹವನ್ನು ಕೂಡಲೇ ತೆಗೆದರು. ಅಷ್ಟರಲ್ಲಿ ಯಾರೋ ಅದನ್ನು ಇಮೇಲಿನಲ್ಲಿ ಊರೆಲ್ಲ ಕಳುಹಿಸಿಯಾಗಿತ್ತು.

“ನಾನು ತೆಗೆದೆ. ಅದು ಹೋಗಲಿಲ್ಲ” ಎನ್ನುತ್ತಾರೆ.

ಬ್ಲಾಗನ್ನೇ ಮುಚ್ಚುವ ಯೋಚನೆ ಬಂತು. ಆಗ ನೆನಪಾದದ್ದು ಬಲ್ಬು. ಸ್ಟುಡಿಯೋ ಮುಚ್ಚಿದ ದಿನ ಅವರು ಕೇಳಿ ತಂದದ್ದು ಅದೊಂದೇ. ಇಷ್ಟು ವರ್ಷ ಕ್ರಿಸ್ಮಸ್ಸಿಗೆ ಮನೆಯಲ್ಲಿ ಬಾಲಯೇಸುವಿನ ಗೋದಲಿಯಲ್ಲಿ ಉರಿಯುತ್ತಿತ್ತು. ಈಗ ಅದಕ್ಕೆ ಉದ್ದದ ವೈರು, ಒಂದು ಸ್ವಿಚ್ಚು ಸೇರಿಸಿ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಸ್ಟುಡಿಯೋದಲ್ಲಿ ಸ್ವಿಚ್ಚು ಲೀಲಾಧರರ ಕಡೆ ಇತ್ತು. ಮೇಬಲ್ ಅದನ್ನು ಬಂದವರ ಕೈಗೆ ಕೊಡುತ್ತಾರೆ.

ನಾನು ಹೋದ ಒಂದು ದಿನ ಎದುರಿನ ಕುರ್ಚಿಯಲ್ಲಿ ರೇಣುಕವ್ವ ಕುಳಿತಿದ್ದರು. ಬಾಗಲಕೋಟೆ ಕಡೆಯವರು, ಮಣಿಪಾಲದಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ಕಲ್ಲು, ಸಿಮೆಂಟು ಹೊರುತ್ತಾರೆ.

“ಯವ್ವಾ, ಇದ್ಯಾಕ ಕೆಂಪ ದೀಪ? ಆಂಬುಲೆನ್ಸ್ ಬಂದಂಗ ಆಗೇತಿ.”

“ಉರಿಯುವಾಗ ನೀವು ಹೇಳಿದ್ದನ್ನು ಬರೆಯುತ್ತೇನೆ. ಆರಿಸಿ ಹೇಳಿದರೆ ಬರೆಯುವುದಿಲ್ಲ. ಸ್ವಿಚ್ಚು ನಿಮ್ಮ ಹತ್ತಿರವೇ ಉಂಟು.”

“ಹೌದಾ? ಹಂಗಾರ ತಡೀರಿ” ಎಂದು ರೇಣುಕವ್ವ ಟಕ್ಕನೆ ಸ್ವಿಚ್ಚು ಒತ್ತಿದರು. ದೀಪ ಆರಿತು. “ನಿಮ್ಮ ಊರಿನ ಸಾರಿನ ಬಗ್ಗೆ ಒಂದ್ ಮಾತು ಹೇಳೂದೈತಿ.”

ಹೇಳಿದರು. ಮೇಬಲ್ ಮೇಜಿಗೆ ತಲೆಯಿಟ್ಟು ನಕ್ಕರು. ನನಗೂ ಕೇಳಿಸಿತು, ಬರೆಯುವ ಹಾಗಿಲ್ಲ. ರೇಣುಕವ್ವ ಸೆರಗು ಸರಿಮಾಡಿಕೊಂಡು ಮತ್ತೆ ಸ್ವಿಚ್ಚು ಒತ್ತಿ, ದೀಪ ಹತ್ತಿದ್ದನ್ನು ನೋಡಿ, “ಸಾರು ಬಾಳ ಚಲೋ ಇರತೈತ್ರಿ” ಎಂದರು.

ಪಾಸ್ಕಲ್ ಅವರ ಬಳಿಗೆ ಮೇಬಲ್ ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಹೋಗುತ್ತಿದ್ದರು. ಅವರು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕೆಲವು ವಾರ ಹೀಗೆ ನಡೆದ ಮೇಲೆ, ಬಲ್ಬಿನ ಕಥೆ ಕೇಳಿದ ಪಾಸ್ಕಲ್ ತಾವೇ ಹೇಳಿದರಂತೆ: “ತಾ ಅದನ್ನು. ಕೋಟಿನ ವಿಷಯ ಮಾತ್ರ ಹೇಳುತ್ತೇನೆ.” ದೀಪ ಹಚ್ಚಿಕೊಂಡು ಅವರು ಒಂದು ನೀಲಿ ಕೋಟಿನ ಕಥೆ ಹೇಳಿದರು. ಮದುವೆಯ ಹಿಂದಿನ ದಿನ ಮಾತ್ರ ಊರಿಗೆ ತಲುಪಿದ ಮದುಮಗ. ಅಳತೆ, ಕತ್ತರಿ, ಹೊಲಿಗೆ ಎಲ್ಲ ಒಂದೇ ದಿನ. ಇಗರ್ಜಿಯ ಗಂಟೆ ಹೊಡೆಯುತ್ತಿರುವಾಗ ಗುಂಡಿಗಳನ್ನೆಲ್ಲ ತಾನೇ ಹಾಕಿ ಕೋಟು ಕೊಟ್ಟದ್ದು. ಮೇಬಲ್ ಅದನ್ನು ಹಾಗೆಯೇ ಬರೆದರು. ಅಂದಿನಿಂದ ಪ್ರತಿ ಶುಕ್ರವಾರ, ಅಲ್ಲಿಯ ರಜೆಯ ದಿನ, ಪುಟದ ಬದಿಯಲ್ಲಿ ಕುವೈತಿನ ಬಾವುಟ ಮೂಡುತ್ತಿತ್ತು. ಕುವೈತಿನಲ್ಲಿ ನಮ್ಮವರು ಎಷ್ಟೋ ಮಂದಿ. ಅವಳೇ ಎನ್ನುವ ಹಾಗಿಲ್ಲ. ಬಾವುಟ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಈ ಲೇಖನಕ್ಕಾಗಿ ನಾನು ಪರ್ಕಳಕ್ಕೆ ಕೊನೆಯ ಬಾರಿ ಹೋದದ್ದು ಒಂದು ಶನಿವಾರ. ಏಕಾದಶಿಯಾದ್ದರಿಂದ ಚಹಾ ಬೇಡವೆಂದೆ. “ಚಹಾ ಕುಡಿಯದವರನ್ನು ನಂಬುವುದು ಹೇಗೆ ಮಾಸ್ಟ್ರೆ?” ಎಂದು ತಮಾಷೆ ಮಾಡುತ್ತ ಮೇಬಲ್ ಪುಟ ತೆರೆದರು. ಬೆರಳು ಇಳಿಯಿತು. ನಡುವೆ ನಿಂತಿತು. “ಕನ್ನಡಕ ಹಾಕಿ ಇಲ್ಲಿ ನೋಡಿ” ಎಂದರು. ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕೊಂಕಣಿ. ನನಗೆ ತಿಳಿಯಲಿಲ್ಲ. ಅವರು ಕನ್ನಡದಲ್ಲಿ ಓದಿ ಹೇಳಿದರು: “ನೀಲಿ ಕೋಟಿನ ಗುಂಡಿಗಳನ್ನು ಅವರು ಹಾಕಿದ್ದಲ್ಲ. ನಾನು ಹಾಕಿದ್ದು.” ಕೆಳಗೆ ಹೆಸರಿರಲಿಲ್ಲ.

ಮರುದಿನ ನಾನೂ ಅವರ ಜೊತೆ ಕಾಪುವಿಗೆ ಹೋದೆ. ಪಾಸ್ಕಲ್ ಒಂದು ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದರು. ಮೇಬಲ್ ಬಾಗಿಲಲ್ಲೇ ನಿಂತು ಆ ಎರಡು ವಾಕ್ಯಗಳನ್ನು ಹೇಳಿದರು. ಪಾಸ್ಕಲ್ ಇಸ್ತ್ರಿಪೆಟ್ಟಿಗೆಯನ್ನು ಮಡಿಕೆಯ ಕೊನೆಯವರೆಗೂ ಎಳೆದು, ನಿಲ್ಲಿಸಿ, ಬೆವರು ಒರೆಸುವ ಬಟ್ಟೆಯಿಂದ ಕಣ್ಣನ್ನೂ ಒರೆಸಿಕೊಂಡರು.

“ಗೊತ್ತುಂಟು” ಎಂದರು. “ಗೊತ್ತಿದ್ದೇ ಹಾಗೆ ಹೇಳಿದ್ದು. ಅವಳ ಹೊಲಿಗೆಯನ್ನು ನನ್ನದು ಅಂದರೆ ಅವಳು ಸುಮ್ಮನಿರುವವಳಲ್ಲ.”

“ಅಯ್ಯೋ ದೇವರೇ! ನನ್ನ ಕೈಯಲ್ಲಿ ಸುಳ್ಳು ಬರೆಸಿದಿರಾ?”

“ನೀನು ಬೇಡದ ಸತ್ಯ ಬರೆಯಲಿಲ್ಲವಾ? ಅದಕ್ಕೂ ಇದಕ್ಕೂ ಸರಿಯಾಯಿತು.” ಅವರು ಕೈ ಚಾಚಿದರು. “ತಾ, ಆ ಸ್ವಿಚ್ಚು.”

ಬಲ್ಬು ಹತ್ತಿದ ಮೇಲೆ ಪಾಸ್ಕಲ್ ಮಗಳಿಗೆ ಉತ್ತರ ಹೇಳಿದರು: “ಎರಡು ಗುಂಡಿ ಸಡಿಲ ಇತ್ತು ಅಂತ ಬರೆ.” ಆಮೇಲೆ ನನ್ನ ಕಡೆ ತಿರುಗಿ, “ನೀವೂ ಬರೆಯಿರಿ ಮಾಸ್ಟ್ರೆ. ಅವಳು ಮಾತು ಬಿಟ್ಟದ್ದನ್ನು ಬರೆಯಬಹುದು. ಯಾಕೆ ಬಿಟ್ಟಳು ಎಂಬುದು ಬೇಡ” ಎಂದು ದೀಪ ಆರಿಸಿದರು. ಹಾಗೆಯೇ ಬರೆದಿದ್ದೇನೆ.

ರೀನಾಳ ಫೋನು ಇನ್ನೂ ಬಂದಿಲ್ಲ. ಸಡಿಲವಾದ ಗುಂಡಿಗಳ ವಿಷಯದಲ್ಲಿ ಅವಳದು ಒಂದು ಖಾರವಾದ ಪ್ರತಿಕ್ರಿಯೆ ಬಂದಿದೆ. ಅದಕ್ಕೆ ತಂದೆಯ ಉತ್ತರ ಹೋಗಿದೆ. ಮೇಬಲ್ ಶನಿವಾರ ಪರ್ಕಳದಲ್ಲಿ ಓದಿದ್ದನ್ನು ಭಾನುವಾರ ಕಾಪುವಿಗೆ ಒಯ್ಯುತ್ತಾರೆ, ಅಲ್ಲಿ ಕೇಳಿದ್ದನ್ನು ಸೋಮವಾರ ಬೆಳಿಗ್ಗೆ ಕಸ ಗುಡಿಸಿದ ಮೇಲೆ ಟೈಪ್ ಮಾಡುತ್ತಾರೆ. ಒಂದು ದಿನ ತಂದೆಗೆ ನೇರವಾಗಿ ಫೋನು ಬರಬೇಕು, ನಡುವೆ ತಾನು ಬೇಡವಾಗಬೇಕು ಎಂಬುದು ಅವರ ಆಸೆ.

“ಅಲ್ಲಿಯವರೆಗೆ?” ಎಂದು ಕೇಳಿದೆ.

“ಸ್ಟುಡಿಯೋದಲ್ಲಿ ಕೆಲವರು ಫೋನ್ ಮಾಡಿ ಮಾತೇ ಆಡುತ್ತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಕಟ್ ಮಾಡು ಅಂತ ಲೀಲಾಧರಣ್ಣ ಕೈ ಮಾಡುತ್ತಿದ್ದರು” ಎಂದು ಮೇಬಲ್ ಬಾಯಿ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಇಳಿಸಿದರು. “ನಾನು ಒಬ್ಬರದ್ದೂ ಕಟ್ ಮಾಡಿದವಳಲ್ಲ.”