ಕಾರಿನಿಂದ ಇಳಿಸಿದ ತೂಕ

ಇದನ್ನು ಬರೆಯಲು ಹಲವು ಸಲ ಕೂತು ಎದ್ದಿದ್ದೇನೆ. ಬೆನ್ನುನೋವು, ಕಣ್ಣಿನ ಪೊರೆ, ಮನೆಗೆ ಬಂದ ನೆಂಟರು... ನೆಪಗಳಿಗೆ ಕೊರತೆ ಇರಲಿಲ್ಲ. ಹೋದ ವಾರ ಕಡೂರಿನಲ್ಲಿ ನಮ್ಮ ಮನೆಯ ಹಿಂದಿನ ಗ್ಯಾರೇಜಿನವರು ಹಳೆಯ ಕಾರೊಂದರ ಸೀಟು ಕಿತ್ತು ರಸ್ತೆ ಬದಿಗೆ ಹಾಕಿದ್ದರು. ರೆಕ್ಸಿನ್ ಹರಿದು ಒಳಗಿನ ತೆಂಗಿನ ನಾರು ಹೊರಬಂದಿತ್ತು. ಬಿಸಿಲಿಗೆ ಅದರಿಂದ ಬೆವರು, ಪೆಟ್ರೋಲು, ಮುಗ್ಗಿದ ನಾರು ಎಲ್ಲ ಕಲೆತ ವಾಸನೆ ಏಳುತ್ತಿತ್ತು. ಹಾಲು ತರಲು ಹೋದವನು ಹಾಲು ತರದೆ ವಾಪಸು ಬಂದೆ.

ಆಗ ನಾನು ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದೆ. ಓದಿದ್ದು ಹೈಸ್ಕೂಲು. ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು, ಬಾಯಿ ಅದಕ್ಕಿಂತ ಜೋರಾಗಿ ಓಡಾಡುತ್ತಿತ್ತು. ಹಳೆಯದೊಂದು ಫಿಯೆಟ್ ಕಾರಿತ್ತು. ಆ ವರ್ಷ ಕೆಮ್ಮಣ್ಣುಗುಂಡಿಯ ಘಾಟಿಯಲ್ಲಿ ಕಾರುಗಳು ಬೆಟ್ಟ ಹತ್ತುವ ಪಂದ್ಯ ನಡೆಯುತ್ತದೆಂದು ತರೀಕೆರೆಯಲ್ಲಿ ಸುದ್ದಿಯಾಯಿತು. ಒಂದೊಂದೇ ಕಾರನ್ನು ಬಿಡುತ್ತಾರೆ, ಬೇಗ ಹತ್ತಿದವನು ಗೆದ್ದ. ನಾನು ಹೆಸರು ಕೊಟ್ಟೆ. ಪಕ್ಕದಲ್ಲಿ ಕೂತು ಮುಂದಿನ ತಿರುವುಗಳನ್ನು ಕೂಗಿ ಹೇಳಲು ಬಾಮೈದನನ್ನು ಕರೆದೆ.

ಬಾಮೈದ ಎಂದರೆ ನನ್ನ ಹೆಂಡತಿಯ ತಮ್ಮ. ಹಿರೇನಲ್ಲೂರಿನವನು, ದೊಡ್ಡ ಮೈ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಅವನು ಎಲೆಯ ಮುಂದೆ ಕೂರುವುದನ್ನು ನೋಡಿಯೇ ಬೇಡವೆಂದಿದ್ದರು. ಅವನನ್ನು ಯಾವುದಕ್ಕಾದರೂ ಬಾ ಎಂದು ಕರೆದದ್ದು ಅದೇ ಮೊದಲಿರಬೇಕು. ಊರಿಗೆಲ್ಲ ಹೇಳಿಕೊಂಡ. ಭಾನುವಾರಗಳಂದು ನನ್ನ ಜೊತೆ ಘಾಟಿಗೆ ಬಂದು ಎಲ್ಲಿ ಜಲ್ಲಿ, ಎಲ್ಲಿ ಪಾಚಿ ಎಂದು ಬಾಯಿಪಾಠ ಮಾಡಿದ. ಆ ಸೀಟಿನಲ್ಲಿ ಕೂತು ಊರವರ ಎದುರಿಗೆ ಒಂದು ಸಲ ಬೆಟ್ಟ ಹತ್ತಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ.

ಆದರೆ ಕಾರು ಹತ್ತುತ್ತಿರಲಿಲ್ಲ. ತರೀಕೆರೆಯ ಮೇಸ್ತ್ರಿ ಬಾನೆಟ್ ಮುಚ್ಚಿ, "ಎಂಜಿನ್ನಿಗೆ ಇನ್ನೇನೂ ಮಾಡಕ್ಕಾಗಲ್ಲ ಕಣ್ರೀ, ಬೇಕಾದ್ರೆ ತೂಕ ಇಳಿಸಿ" ಎಂದ. ಹಿಂದಿನ ಸೀಟು ತೆಗೆದೆವು. ಸ್ಟೆಪ್ನಿ, ಜಾಕು, ಬಂಪರು, ಬಾಗಿಲ ಒಳಗಿನ ಹಲಗೆ, ನೆಲದ ಮ್ಯಾಟು ಹೋದವು. ಕಾರು ಸ್ವಲ್ಪ ಚುರುಕಾಯಿತು. ನನಗೆ ಅದು ಸಾಲಲಿಲ್ಲ.

ಮಂಡಿಯಲ್ಲಿ ಒಬ್ಬ ಹಮಾಲಿ, "ಸಣ್ಣ ಮೂಟೆನೆಲ್ಲ ಇಳಿಸ್ಬಿಟ್ಟು ದೊಡ್ಡ ಮೂಟೆನ ಮುಂದೆ ಕೂರಿಸ್ಕಂಡಿದ್ದೀರಲ್ಲ ಸಾಮಿ" ಎಂದ. ಎಲ್ಲರೂ ನಕ್ಕರು. ನನಗೆ ಹುರುಪು ಬಂತು. ಬಾಮೈದನನ್ನು ಈರುಳ್ಳಿ ತೂಗುವ ಕಾಟಾದ ಮೇಲೆ ನಿಲ್ಲಿಸಿದೆ. ಮಂಡಿಯಲ್ಲಿ ಮಣ್ಣು, ಕೊಳೆ ಎಂದು ಪ್ರತಿ ಚೀಲಕ್ಕೂ ಸ್ವಲ್ಪ ತೂಕ ಕಳೆಯುವ ರೂಢಿಯಿತ್ತು, ಅದಕ್ಕೆ ಸೂಟು ಎನ್ನುತ್ತಿದ್ದೆವು.

"ನಿಂಗೆ ಎಷ್ಟು ಸೂಟು ಕಳೀಲೋ? ತಲೆ ಒಳಗೆ ಏನೂ ಇಲ್ಲ, ಅಲ್ಲಿ ಕಳೆಯೋ ಹಂಗಿಲ್ಲ" ಎಂದೆ.

"ಅಕ್ಕ ಇಕ್ಕಿದ ಮುದ್ದೆ ಭಾವ ಇದು. ಇಳಿಸ್ತೀನಿ ಬಿಡಿ" ಎಂದು ಅವನೂ ನಕ್ಕ.

ನಮ್ಮ ಕಡೆ ಭಾವ ಆಡಿದ ಮಾತಿಗೆ ಬಾಮೈದ ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಸಣ್ಣವನಾಗುವುದು ಅವನೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಪ್ರತಿ ಸಂತೆಯ ದಿನ ಬಂದು ಕಾಟಾ ಹತ್ತುತ್ತಿದ್ದ. ಒಂದು ಹೊತ್ತಿನ ಊಟ ಬಿಟ್ಟಿದ್ದ. ಮೊದಲು ಚಪ್ಪಲಿ ಬಿಟ್ಟು ಹತ್ತಿದ, ಇನ್ನೊಂದು ವಾರ ಅಂಗಿ ಬಿಚ್ಚಿ ಹತ್ತಿದ. ಕೊರಳಲ್ಲಿ ಲಿಂಗದ ಕರಡಿಗೆ ತೂಗುತ್ತಿತ್ತು. "ಅದೂ ಬೆಳ್ಳಿದೇ ಅಲ್ವೇನೋ, ಅದಕ್ಕೇನು ತೂಕ ಇಲ್ವಾ" ಎಂದುಬಿಟ್ಟೆ. ಹಮಾಲಿಗಳು ಕೂಡ ನಗಲಿಲ್ಲ. ನನ್ನ ಕೊರಳಲ್ಲೂ ಅಂಥದೇ ಇತ್ತು. ಅವನು ಕರಡಿಗೆಯ ಮೇಲೆ ಅಂಗೈ ಮುಚ್ಚಿಕೊಂಡು, ಮುಳ್ಳು ನಿಲ್ಲುವ ತನಕ ಹಾಗೇ ನಿಂತಿದ್ದ...

ಗೌರಿ ಹಬ್ಬ ಬಂತು. ಅಕ್ಕನಿಗೆ ತವರಿನ ಬಾಗಿನ ಹಿಡಿದು ಅವನು ಬಂದ. ಒಳಗೆ ಹೋಳಿಗೆ ಬೇಯುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಹೆಂಡತಿಗೆ, "ಅವನಿಗೆ ಹೋಳಿಗೆ ಹಾಕಿದ್ರೆ ಕಾರಲ್ಲಿ ಜಾಗ ಇಲ್ಲ, ನೋಡ್ಕೋ" ಎಂದೆ.

"ಬಾಗಿನ ತಂದೋನ್ನ ಬರೀ ಹೊಟ್ಟೇಲಿ ಕಳಿಸ್ಲಾ? ಹಬ್ಬ ಕಣ್ರೀ."

"ಕಳಿಸು. ಆಮೇಲೆ ಅವನು ಅತ್ತರೆ ಅದಕ್ಕೆ ನೀನೇ ಕಾರಣ."

ಅವಳು ಬಾಳೆ ಎಲೆ ಹಾಕಿ, ಒಂದಿಷ್ಟು ಕೋಸಂಬರಿ ಬಡಿಸಿ, ಮಜ್ಜಿಗೆ ಲೋಟ ಇಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ಅವನು, "ನಂಗೆ ಹಸಿವೇ ಇಲ್ಲ ಕಣಕ್ಕ, ದಾರೀಲಿ ತಿಂದೆ" ಎಂದ. ಎದುರಿಗೆ ಕೂತು ನಾನು ತುಪ್ಪ ಹಾಕಿಸಿಕೊಂಡು ಹೋಳಿಗೆ ತಿಂದೆ. ಇನ್ನೊಂದು ಎಂದು ಕೇಳಿ ಹಾಕಿಸಿಕೊಂಡೆ.

ಪಂದ್ಯದ ಹಿಂದಿನ ಸಂಜೆ, ಚಾಲಕ ಒಬ್ಬನೇ ಹೋದರೂ ನಡೆಯುತ್ತದೆ ಎಂದು ತಿಳಿಯಿತು. ನಾನೇ ಸ್ಪ್ಯಾನರ್ ಹಿಡಿದು ಪಕ್ಕದ ಸೀಟನ್ನೂ ಬಿಚ್ಚಿದೆ. ಅವನಿಗೆ ಹೇಳಿ ಕಳಿಸಬಹುದಿತ್ತು. ಹೇಳಲಿಲ್ಲ. ಅವನ ಮುಖ ನೋಡುವ ಆಸೆಯಿತ್ತು ಎಂದೇ ಈಗ ಅನ್ನಿಸುತ್ತದೆ.

ಬೆಳಗ್ಗೆ ಹಿರೇನಲ್ಲೂರಿನವರು ಟೆಂಪೊ ಮಾಡಿಕೊಂಡು ಬಂದಿದ್ದರು. ಅವನು ಹೊಸ ಅಂಗಿ ಹಾಕಿದ್ದ. ಹಳೇ ಅಳತೆಗೆ ಹೊಲಿಸಿದ್ದು, ಹೆಗಲಿಂದ ಜಾರುತ್ತಿತ್ತು. ಕಾರಿನ ಬಾಗಿಲು ತೆಗೆದು ಒಳಗೆ ನೋಡಿದ.

"ಸೀಟೆಲ್ಲಿ ಭಾವ?"

"ನೀನು ಇಳಿಸಿದ್ದು ಸಾಲ್ಲಿಲ್ಲ ಕಣೋ. ಅದಕ್ಕೆ ನಿನ್ನನ್ನೇ ಇಳಿಸ್ಬಿಟ್ಟೆ."

ಸುತ್ತ ನಿಂತವರು ನಕ್ಕರು, ಅವನ ಊರಿನವರು ಎಲ್ಲರಿಗಿಂತ ಜೋರಾಗಿ. ಅವನೂ ನಕ್ಕ, ಸ್ವಲ್ಪ ತಡವಾಗಿ. ಆಮೇಲೆ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿ, ಹಿಂದೆ ಹೋಗಿ, ಕಾರನ್ನು ಗೆರೆಯ ತನಕ ತಳ್ಳಿಕೊಟ್ಟ.

ಸುಳ್ಳು ಹೇಳಲಾರೆ, ಕಾರು ಹಕ್ಕಿಯ ಹಾಗೆ ಹತ್ತಿತು. ಮೂರನೆಯವನಾಗಿ ಬಂದೆ. ಕೊರಳಿಗೆ ಹಾರ ಬಿತ್ತು. ಕೆಳಗೆ ಬಂದಾಗ ಅವನಿರಲಿಲ್ಲ. ಟೆಂಪೊ ಹತ್ತದೆ ಲಿಂಗದಹಳ್ಳಿ ಕಡೆ ನಡೆದು ಹೋದನಂತೆ.

ಮುಂದಿನ ಗೌರಿಗೆ ಬಾಗಿನ ಬೇರೆಯವರ ಕೈಯಲ್ಲಿ ಬಂತು. ಅದರ ಮುಂದಿನ ವರ್ಷವೂ. ಅವನು ನಮ್ಮ ಹೊಸ್ತಿಲು ಮತ್ತೆ ತುಳಿಯಲಿಲ್ಲ. ತಂದವರನ್ನು ಕೂರಿಸಿ ನನ್ನ ಹೆಂಡತಿ ಸಾಕು ಸಾಕು ಎನ್ನುವಷ್ಟು ಹೋಳಿಗೆ ಬಡಿಸುತ್ತಿದ್ದಳು. ತಾನು ಮಾತ್ರ ಮುಟ್ಟುತ್ತಿರಲಿಲ್ಲ. ನಾನು ನೋಡುತ್ತಿದ್ದೆ. ಬೇಳೆ ಅವಳಿಗೆ ಆಗಿಬರುವುದಿಲ್ಲ ಎಂದು ನೆಂಟರಿಗೆ ಹೇಳುತ್ತಿದ್ದೆ.

ಬಾಮೈದ ಕಾಯಿಲೆಯಾಗಿ ಮಲಗಿದಾಗ ಹಿರೇನಲ್ಲೂರಿಗೆ ಹೋಗಿ ತಪ್ಪಾಯ್ತು ಎಂದೆ. ಅವನು ಕೈ ಹಿಡಿದು, "ಭಾವ ಅಂದ್ಮೇಲೆ ಅವೆಲ್ಲ ಇರೋದೆ ಬಿಡಿ" ಎಂದ. ಹಿಡಿದ ಕೈ ಬಿಡದೆ, "ಅಕ್ಕಂಗೊಂದು ಮಾತು ಹೇಳಿ, ನಂಗೆ ಅವಳ ಮೇಲೆ ಏನೂ ಬೇಜಾರಿಲ್ಲ ಅಂತ. ಅವಳು ಆ ಗೌರಿ ಹಬ್ಬದಿಂದ ನನ್ನ ಮುಖ ನೋಡಿ ಮಾತಾಡ್ಲಿಲ್ಲ" ಎಂದ. ಹೇಳುತ್ತೇನೆ ಎಂದು ಬಂದೆ. ಅವನು ಹೋದ ಮೇಲೂ ಅವಳು ಬಹಳ ವರ್ಷ ಇದ್ದಳು. ಒಂದೇ ಮನೆ, ದಿನಾ ಎದುರಿಗೆ ಕೂತು ಉಂಡದ್ದು... ಹೇಳಲಿಲ್ಲ. ಹೋದ ಮಾಘದಲ್ಲಿ ಅವಳೂ ಹೋದಳು.

ಅವಳ ಹೆಸರು ಸರ್ವಮಂಗಳ.