ಬಟಾಣಿ ಮೆಟ್ರೋ

ನಾನು ನಿಂತಿದ್ದದ್ದು ಘಾಜಿಯಾಬಾದ್‌ನಲ್ಲಿ, ನಾವು ಬಾಡಿಗೆಗಿದ್ದ ಮನೆಯ ತಾರಸಿಯ ಪಶ್ಚಿಮದ ಅಂಚಿನಲ್ಲಿ, ಕಪ್ಪು ನೀರಿನ ಟ್ಯಾಂಕಿನಿಂದ ಎರಡು ಹೆಜ್ಜೆ ಆಚೆ. ಮೂರು ಚಳಿಗಾಲಗಳ ಹಿಂದಿನ ಜನವರಿ, ಒಂದು ಭಾನುವಾರ. ಮಧ್ಯಾಹ್ನದ ಊಟ ಮುಗಿದಾಗಿನಿಂದ ನನ್ನ ಬೆನ್ನ ಹಿಂದಿನ ಅಪಾರ್ಟ್‌ಮೆಂಟಿನ ಆಚೆ ಬಿಸಿಲು ಇಳಿಯುವವರೆಗೂ ಅಲ್ಲೇ ನಿಂತಿದ್ದೆ. ಎರಡೂ ಕೈಯಲ್ಲಿ ಒಂದು ರಜಾಯಿಯನ್ನು ಅಗಲಿಸಿ ಹಿಡಿದಿದ್ದೆ. ಗಾಳಿ ಬರುತ್ತಿದ್ದದ್ದು ಆ ಕಡೆಯಿಂದ. ಗಾಳಿ ತಾಗಿದರೆ ಬಟಾಣಿ ಉರುಳುತ್ತಿದ್ದವು.

ಬಟಾಣಿಯ ಮುಂದೆ ಮೊಣಕಾಲೂರಿ ಕೂತಿದ್ದವಳು ನಮ್ಮ ಗೆಳತಿ. ಮುಖರ್ಜಿ ನಗರದ ಪಿ.ಜಿ.ಯೊಂದರಲ್ಲಿದ್ದುಕೊಂಡು ಸಿವಿಲ್ ಸರ್ವೀಸ್ ಪರೀಕ್ಷೆಗೆ ಓದುತ್ತಿದ್ದಳು. ಎರಡು ಸಲ ಬರೆದು ಆಗಿತ್ತು. ಭಾನುವಾರ ಸಾರು ಅನ್ನ ತಿನ್ನುವುದಕ್ಕೂ ಕನ್ನಡ ಮಾತಾಡುವುದಕ್ಕೂ ಮೆಟ್ರೋ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ನಮ್ಮಲ್ಲಿಗೆ ಅಂದರೆ ನಾನು ಮತ್ತು ನನ್ನ ರೂಮ್‌ಮೇಟ್. ನಾನು ಕಾಲೇಜೊಂದರಲ್ಲಿ ಹಂಗಾಮಿ ಮೇಷ್ಟ್ರು. ಅವನು ಗುರುಗ್ರಾಮದ ಒಂದು ಜಾಹೀರಾತು ಸಂಸ್ಥೆಯಲ್ಲಿ ಕೆಲಸಕ್ಕಿದ್ದ.

ಆ ದಿನ ಮನೆ ಮಾಲೀಕರ ತಾಯಿ, ನಾವೆಲ್ಲ ಹಿಂದಿಯಲ್ಲಿ ದಾದಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದ ಮುದುಕಿ, ತಾರಸಿಯ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತಿದ್ದರು. ಚಳಿಗಾಲದಲ್ಲಿ ಇಲ್ಲಿನ ಪ್ರತಿ ತಾರಸಿಯಲ್ಲೂ ಯಾರಾದರೊಬ್ಬರು ಬಟಾಣಿ ಸುಲಿಯುತ್ತಿರುತ್ತಾರೆ. ಗೆಳತಿ ಒಂದು ಕಾಯನ್ನು ಎತ್ತಿಕೊಂಡು, ಹೊಲಿಗೆಯ ಗುಂಟ ಬಿಡಿಸಿ, ಮತ್ತೆ ಮುಚ್ಚಿದಳು. ಮತ್ತೆ ಬಿಡಿಸಿದಳು.

"ಲೋ, ಇದು ಮೆಟ್ರೋ ಬೋಗಿ ಅಲ್ವೇನ್ರೋ? ಬಾಗಿಲು ತೆಗೆಯುತ್ತೆ, ಒಳಗೆ ಎಲ್ಲ ಸಾಲಾಗಿ ಒತ್ತಿಕೊಂಡು ಕೂತಿದ್ದಾರೆ."

"ಲೇಡೀಸ್ ಬೋಗಿ ಯಾವುದು?" ಎಂದ ರೂಮ್‌ಮೇಟ್.

"ಹುಳ ಇಲ್ಲದ್ದು," ಎಂದಳು ಅವಳು.

ಕೋಚಿಂಗ್ ಸೆಂಟರಿನ ಕರಪತ್ರವೊಂದನ್ನು ಮಗುಚಿ ಹಾಸಿ ಪ್ಲಾಟ್‌ಫಾರ್ಮ್ ಮಾಡಿದಳು. ಅರಿಶಿನ ಕಲಸಿ ಬೆರಳಿನಿಂದ ಹಳದಿ ಗೆರೆ ಎಳೆದಳು. ಆಮೇಲೆ ಕಾಯಿಯನ್ನು ಒಂದಿಷ್ಟು ಜರುಗಿಸುವುದು, ಫೋನ್‌ನಲ್ಲಿ ಒಂದು ಫೋಟೋ ತೆಗೆಯುವುದು, ಇನ್ನೊಂದಿಷ್ಟು ಜರುಗಿಸುವುದು, ಇನ್ನೊಂದು ಫೋಟೋ. ಎಲ್ಲವನ್ನೂ ಜೋಡಿಸಿ ಓಡಿಸಿದರೆ ಬಟಾಣಿ ತಾನೇ ಚಲಿಸಿದ ಹಾಗೆ ಕಾಣುವ ಒಂದು ಪುಟ್ಟ ಚಲನಚಿತ್ರ. ರೂಮ್‌ಮೇಟ್ ಅವಳ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಟಿವಿ ಡಬ್ಬಿಯಿಂದ ತೆಗೆದ ಬಿಳಿ ಥರ್ಮಾಕೋಲನ್ನು ಓರೆಯಾಗಿ ಹಿಡಿದು ಬಟಾಣಿಯ ಮೇಲೆ ಬೆಳಕು ಬೀಳಿಸುತ್ತಿದ್ದ. ಹಾಗೆ ಹಿಡಿಯಬೇಕೆಂದು ಅವಳೇ ಹೇಳಿಕೊಟ್ಟಿದ್ದಳು. ಪಕ್ಕದ ತಾರಸಿಯಲ್ಲಿ ತಲೆ ಒಣಗಿಸುತ್ತಿದ್ದ ಹೆಂಗಸು ಗೋಡೆಗೆ ಒರಗಿ "ಕ್ಯಾ ಬನ್ ರಹಾ ಹೈ?" ಏನು ತಯಾರಾಗ್ತಿದೆ, ಎಂದು ಕೇಳಿ, ಉತ್ತರಕ್ಕೆ ಕಾಯದೆ ನೋಡುತ್ತಾ ನಿಂತಿದ್ದರು.

ದಾದಿ ಮಾತ್ರ ಗೊಣಗಿದರು. "ಖಾನೇ ಕೀ ಚೀಜ್ ಸೇ ಖೇಲ್ ರಹೀ ಹೈ! ತಿನ್ನೋ ಪದಾರ್ಥದ ಜೊತೆ ಆಟ! ಬಿಟಿಯಾ, ರಾತ್ರಿ ಪಲ್ಯಕ್ಕೆ ನಿನ್ನ ಮೆಟ್ರೋನೇ ಹಾಕಲಾ?" ಹೀಗೆಂದವರೇ ಗೆರೆ ದಾಟಿ ಉರುಳಿದ ಒಂದು ಕಾಳನ್ನು ನೋಡಿ, "ಛೂಟ್ ಗಯಾ ಬೇಚಾರಾ," ಪಾಪ, ಹಿಂದೆ ಉಳಿಯಿತು, ಎಂದು ನಕ್ಕರು. ಆ ಕಾಳನ್ನು ಎತ್ತಲು ಚಾಚಿದ್ದ ಕೈಯನ್ನು ಗೆಳತಿ ಹಿಂದಕ್ಕೆ ತೆಗೆದುಕೊಂಡಳು. ಅದನ್ನು ಅಲ್ಲೇ ಬಿಟ್ಟಳು. ಬಾಗಿಲು ಮುಚ್ಚಿ ಕಾಯಿ ಹೊರಟುಹೋಯಿತು. ಪ್ಲಾಟ್‌ಫಾರ್ಮಿನ ಮೇಲೆ ಒಂದೇ ಒಂದು ಕಾಳು ಉಳಿಯಿತು.

ಅಷ್ಟು ಹೊತ್ತಿಗೆ ಸೂರ್ಯ ಜಾರಿದ್ದ. ನೆರಳು ಬೀಳದ ಹಾಗೆ ನಾನು ರಜಾಯಿಯನ್ನು ಕೆಳಕ್ಕೆ ಇಳಿಸುತ್ತಲೇ ಬಂದಿದ್ದೆ. ಆದರೂ ನನ್ನ ಬಲ ಮೊಣಕೈಯ ನೆರಳು ಕಾಗದದ ಮೂಲೆಗೆ ಬಂದುಬಿಟ್ಟಿತು. ಸರಿಯಲೇ ಎಂದು ಕೇಳಿದೆ.

"ಬೇಡ, ಅಲ್ಲಾಡಬೇಡ. ಇರಲಿ. ಸಂಜೆ ಆದ ಹಾಗೆ ಕಾಣುತ್ತೆ."

ಚಿತ್ರದ ಕೊನೆಯಲ್ಲಿ, ಉಳಿದುಹೋದ ಆ ಕಾಳಿನ ಕಡೆಗೆ ಮೂಲೆಯಿಂದ ಒಂದು ಚೂಪಾದ ಕತ್ತಲೆ ಮೆಲ್ಲಗೆ ತೆವಳಿ ಬರುತ್ತದೆ. ಅದು ನನ್ನ ಮೊಣಕೈ.

ಒಂದು ನಿಮಿಷವೂ ಇರದ ಚಿತ್ರ. ಅವಳ ಫೋನ್ ಹಳೆಯದು, ಜಾಗವಿರಲಿಲ್ಲ. ಚಿತ್ರ ಜೋಡಿಸಿ ಮುಗಿಸಬೇಕಾದರೆ ಫೋಟೋಗಳನ್ನೆಲ್ಲ ಅಳಿಸಲೇಬೇಕಾಯಿತು. ಅವಳು ಕೆಲಸ ಮಾಡುವುದನ್ನು ನಾನೇ ಒಂದು ವಿಡಿಯೋ ತೆಗೆಯಬಹುದಿತ್ತಲ್ಲ ಎಂದು ಆಮೇಲೆ ಹಲವರು ಕೇಳಿದ್ದಾರೆ. ನನ್ನ ಎರಡು ಕೈಯಲ್ಲೂ ರಜಾಯಿ ಇತ್ತು. ಬಟಾಣಿಯನ್ನು ಅದೇ ರಾತ್ರಿ ಉಪ್ಪಿಟ್ಟಿಗೆ ಹಾಕಿ ತಿಂದೆವು.

ಆಗ ನಮ್ಮ ಏಳು ಜನರದ್ದೊಂದು ವಾಟ್ಸಾಪ್ ಗುಂಪಿತ್ತು. ಎಲ್ಲರೂ ಕರ್ನಾಟಕದಿಂದ ಬಂದು ದೆಹಲಿಯ ಸುತ್ತಮುತ್ತ ಚದುರಿಹೋದವರು. ಅಲ್ಲಿ ಶುಭೋದಯವಿಲ್ಲ, ರಾಜಕೀಯವಿಲ್ಲ, ಹುಟ್ಟುಹಬ್ಬದ ಕೇಕೂ ಇಲ್ಲ. ಅಂತರ್ಜಾಲದ ಮೂಲೆಯಲ್ಲೆಲ್ಲೋ ಕಣ್ಣಿಗೆ ಬಿದ್ದ ಒಂದು ಒಳ್ಳೆಯ ಕೆಲಸವನ್ನು ವಾರಕ್ಕೊಬ್ಬರು ತಂದು ಹಾಕಬೇಕು, ಅಷ್ಟೇ. ಬೆಂಕಿಪೊಟ್ಟಣದ ಮುಚ್ಚಳದ ಮೇಲೆ ದಿನಕ್ಕೊಂದು ಸಮುದ್ರ ಬರೆಯುವವರು ಯಾರೋ. ಪಾತ್ರೆ ತೊಳೆಯುವ ಸದ್ದಿನಿಂದ ಸಂಗೀತ ಕಟ್ಟಿದವರು ಯಾರೋ. ಹಾಕಿದವರು ಎರಡು ಸಂಗತಿ ಹೇಳಲೇಬೇಕು: ಮಾಡಿದವರು ಯಾರು, ಎಲ್ಲಿ ಸಿಕ್ಕಿತು. ಈ ನಿಯಮ ಮಾಡಿದ್ದು ನನ್ನ ರೂಮ್‌ಮೇಟ್. "ಹೆಸರಿಲ್ಲದೆ ಹಂಚೋದು ಕಳ್ಳಮಾಲು ಮಾರಿದ ಹಾಗೆ ಮಗಾ," ಎನ್ನುತ್ತಿದ್ದ. ಆ ಮಾತು ಎಲ್ಲರಿಗೂ ಹಿಡಿಸಿತ್ತು.

ಆದರೆ ಗುಂಪಿಗೆ ಇನ್ನೊಂದು ರೂಢಿಯೂ ಇತ್ತು. ಯಾರಾದರೂ ತಾವೇ ಮಾಡಿದ್ದನ್ನು ಹಾಕಿದರೆ ಚಪ್ಪಾಳೆಯ ಚಿತ್ರಗಳು ಸುರಿಯುತ್ತಿದ್ದವು, ಒಬ್ಬರೂ ನಿಜ ಹೇಳುತ್ತಿರಲಿಲ್ಲ. ಹೊರಗಿನವರ ಕೆಲಸವಾದರೆ ಮಾತ್ರ ಜಗಳವಾಡುತ್ತಿದ್ದರು, ಕೊರೆಯುತ್ತಿದ್ದರು, ಕೊನೆ ಚೆನ್ನಾಗಿಲ್ಲ ಎನ್ನುತ್ತಿದ್ದರು. ಅವಳಿಗೆ ಆ ಜಗಳ ಬೇಕಿತ್ತು. ಅದಕ್ಕೇ ಬಟಾಣಿ ಚಿತ್ರ ಹಾಕಿ ಕೆಳಗೆ ಬರೆದಳು: "ಎಲ್ಲೋ ಸಿಕ್ಕಿತು. ಮಾಡಿದವರು ಗೊತ್ತಿಲ್ಲ. ಹೇಗಿದೆ?"

ನಾವಿಬ್ಬರೂ ನಗು ತಡೆದುಕೊಂಡು ಸುಮ್ಮನಿದ್ದೆವು. ಗುಂಪು ಜಗಳವಾಡಿತು. ಒಬ್ಬರು ನಡುವೆ ಎಳೆದಂತಿದೆ ಎಂದರು. ಇನ್ನೊಬ್ಬರು ಕೊನೆಯ ಆ ನೆರಳಿಗಾಗಿ ಹತ್ತು ಸಲ ನೋಡಿದೆ ಎಂದರು. ಅವಳು ಮುಂದಿನ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಅದನ್ನೆಲ್ಲ ಗಟ್ಟಿಯಾಗಿ ಓದಿ ಕೇಕೆ ಹಾಕಿ ನಕ್ಕಳು. ನಿಜ ಹೇಳೋಣವೆಂದರೆ, "ಇನ್ನೊಂದು ಮಾಡಿ ಆಮೇಲೆ ಹೇಳ್ತೀನಿ," ಎಂದಳು. ಇನ್ನೊಂದು ಮಾಡುವುದರೊಳಗೆ ಪರೀಕ್ಷೆ ಬಂತು.

ಅದಾದ ಮೇಲಿನ ವರ್ಷ ಮೂರನೆಯ ಸಲವೂ ಆಗಲಿಲ್ಲವೆಂದು ತಿಳಿದಾಗ ಅವಳು ಪುಸ್ತಕಗಳನ್ನು ಪಿ.ಜಿ.ಯ ಹುಡುಗಿಯರಿಗೆ ಕೊಟ್ಟು, ನೋಯ್ಡಾದ ಒಂದು ಸಣ್ಣ ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಕೇಳಿದಳು. ಮನೆಯವರಿಗೆ ಹೇಳಿರಲಿಲ್ಲ. ತೋರಿಸಲು ಅವಳ ಬಳಿ ಇದ್ದದ್ದು ಬಟಾಣಿ ಚಿತ್ರ ಒಂದೇ. ಸ್ಟುಡಿಯೋದವರು ಅದನ್ನು ಪೂರ್ತಿ ನೋಡಲಿಲ್ಲ. ನಡುವೆಯೇ ನಿಲ್ಲಿಸಿ, ತಮ್ಮ ಫೋನ್‌ನಲ್ಲಿ ಒಂದು ಜಾಹೀರಾತು ತೋರಿಸಿದರು. ಮನೆಗೆ ದಿನಸಿ ತಲುಪಿಸುವ ಕಂಪನಿಯೊಂದರದ್ದು. ಬಟಾಣಿ ಕಾಯಿ ಬರುತ್ತದೆ, ಬಾಗಿಲು ತೆರೆಯುತ್ತದೆ, ಕಾಳುಗಳು ಇಳಿಯುತ್ತವೆ, ಹತ್ತುತ್ತವೆ. ಹಳದಿ ಗೆರೆ. ಒಂದು ಕಾಳು ಉಳಿಯುತ್ತದೆ. ಆಮೇಲೆ ಒಂದು ಪುಟಾಣಿ ಸ್ಕೂಟರ್ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ.

ಅವಳು ಅದನ್ನು ನನಗೆ ಕಳಿಸಿದಾಗ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ. ಕಲ್ಪನೆ ಇಬ್ಬರಿಗೆ ಹೊಳೆಯಬಹುದು, ಬಟಾಣಿ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಕೊನೆಯಲ್ಲಿ, ಸ್ಕೂಟರ್ ಬರುವ ಮುಂಚೆ, ಮೂಲೆಯಿಂದ ಒಂದು ಚೂಪಾದ ನೆರಳು ತೆವಳಿ ಬಂತು. ದೊಡ್ಡ ದೀಪಗಳಿರುವ ಸ್ಟುಡಿಯೋದಲ್ಲಿ, ಗಾಳಿಯೇ ಇಲ್ಲದ ಕಡೆ, ಯಾರೋ ಶ್ರಮಪಟ್ಟು ನನ್ನ ಮೊಣಕೈಯ ನೆರಳನ್ನು ಮಾಡಿದ್ದರು. ಆ ಜಾಹೀರಾತು ಮಾಡಿದ್ದು ರೂಮ್‌ಮೇಟ್ ಕೆಲಸ ಮಾಡುವ ಸಂಸ್ಥೆ. ಅವನು ಆಗಲೇ ನಮ್ಮ ಮನೆ ಬಿಟ್ಟು ಗುರುಗ್ರಾಮದ ಎತ್ತರದ ಫ್ಲ್ಯಾಟೊಂದಕ್ಕೆ ಹೋಗಿದ್ದ.

ಫೋನ್ ಮಾಡಿದೆ.

"ಗುರು, ಮೀಟಿಂಗ್‌ನಲ್ಲಿ ಮಾದರಿಗೆ ಒಂದು ರೆಫರೆನ್ಸ್ ತೋರಿಸು ಅಂದ್ರು. ತೋರಿಸಿದೆ. ಎಲ್ಲರೂ ತೋರಿಸ್ತಾರೆ ಕಣೋ."

"ಯಾರದ್ದು ಅಂತ ಹೇಳಿದೆಯಾ?"

"ಅವಳೇ ಬರೆದಿದ್ದಾಳಲ್ಲ, ಗೊತ್ತಿಲ್ಲ ಅಂತ."

ಅಷ್ಟು ಹೇಳಿ ಅವನು, "ಚಲೋ, ಆಮೇಲೆ ಮಾತಾಡ್ತೀನಿ," ಎಂದು ಇಟ್ಟ.

ನೋಯ್ಡಾದ ಸ್ಟುಡಿಯೋದವರು ಕೆಟ್ಟವರಲ್ಲ. ಇದು ನಿಮ್ಮದೇ ಎಂದಾದರೆ ಆ ಸಂಸ್ಥೆಯಿಂದ ಒಂದು ಸಾಲು ಬರೆಸಿಕೊಂಡು ಬನ್ನಿ, ಈ ವಾರ ಕಾಯುತ್ತೇವೆ ಎಂದಿದ್ದರು. ಒಂದು ಸಾಲು. ಅದನ್ನು ಕೇಳಲು ನಾನೂ ಅವಳೂ ಗುರುಗ್ರಾಮಕ್ಕೆ ಹೋದೆವು. ಗಾಜಿನ ಕೋಣೆ, ಮೇಜಿನ ಮೇಲೆ ನೀರಿನ ಬಾಟಲಿಗಳು. ಎದುರಿಗೆ ಅವರ ಕಾನೂನು ವಿಭಾಗದ ಹೆಂಗಸು. ಅವರ ಪಕ್ಕದಲ್ಲಿ ನಮ್ಮ ರೂಮ್‌ಮೇಟ್. ಬಟನ್‌ಗಳನ್ನು ಮೇಲಿನವರೆಗೂ ಹಾಕಿಕೊಂಡಿದ್ದ. ನಮ್ಮನ್ನು ನೋಡಿ "ಊಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳಿದ.

ಆ ಹೆಂಗಸು ಜೋರು ಮಾಡಲಿಲ್ಲ. ಒಂದು ಸ್ಕ್ರೀನ್‌ಶಾಟ್ ಮುಂದಿಟ್ಟರು. ನಮ್ಮ ಗುಂಪು, ಅವಳ ಹೆಸರು, ಅವಳ ಮಾತು, ಕೆಳಗೆ ಇಂಗ್ಲಿಷ್ ಅನುವಾದ. ಆ ಏಳು ಜನರಲ್ಲಿ ಅಂಥದ್ದನ್ನು ಅಲ್ಲಿಗೆ ಮುಟ್ಟಿಸಬಲ್ಲವನು ಒಬ್ಬನೇ. "ನೀವೇ ಬರೆದಿದ್ದೀರಿ, ಮಾಡಿದವರು ಗೊತ್ತಿಲ್ಲ ಅಂತ. ಚಿತ್ರ ನಮ್ಮದಕ್ಕಿಂತ ಹಳೆಯದು, ನಾವು ಇಲ್ಲ ಎನ್ನುವುದಿಲ್ಲ. ನಿಜವಾಗಿ ಮಾಡಿದವರು ಬಂದರೆ ಖಂಡಿತ ಮಾತಾಡುತ್ತೇವೆ."

ಫೋಟೋಗಳಿವೆಯೇ ಎಂದರು. ಇಲ್ಲ ಎಂದಳು. ನಾನು ನೋಡಿದ್ದನ್ನು ಹೇಳಿದೆ: ತಾರಸಿ, ಟ್ಯಾಂಕು, ರಜಾಯಿ, ಅರಿಶಿನ. ಆ ನೆರಳು ನನ್ನದು ಎಂದೆ.

"ಸರ್, ನೆರಳಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ," ಎಂದರು ಅವರು, ನನ್ನ ಮೇಲೆ ಕನಿಕರವಿದ್ದವರ ಹಾಗೆ. ಆಮೇಲೆ ಪಕ್ಕಕ್ಕೆ ತಿರುಗಿ, "ಆಪ್ ಭೀ ಥೇ ವಹಾಂ?" ನೀವೂ ಅಲ್ಲಿದ್ದಿರಾ, ಎಂದು ಕೇಳಿದರು.

ಒಂದು ಸಾಲನ್ನು ಅವನು ಆಗ ಬಾಯಲ್ಲಿ ಹೇಳಿದ್ದರೂ ಸಾಕಿತ್ತು. ಅವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ. "ಆ ಮನೆಯಲ್ಲಿ ಇದ್ದೆ. ಭಾನುವಾರ ತಾರಸಿಯಲ್ಲಿ ಏನಾದರೂ ನಡೀತಾನೇ ಇತ್ತು. ಇದೇ ಅಂತ ನೆನಪಿಲ್ಲ," ಎಂದು ಹಿಂದಿಯಲ್ಲಿ ಹೇಳಿದ. ಅವಳನ್ನು ನೋಡಿಯೇ ಹೇಳಿದ. ಕಣ್ಣು ತಪ್ಪಿಸಿದ್ದರೆ ನನಗೆ ಇಷ್ಟು ಕಹಿಯಾಗುತ್ತಿರಲಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ನಾವು ಒಂದೇ ಕಂಬ ಹಿಡಿದುಕೊಂಡಿದ್ದೆವು. ಅವಳು ನನ್ನ ಕಡೆಗೆ ತಿರುಗಿದಳು.

"ಒಂದು ಮಾತ್ರ ನಿಜ ಕಣೋ. ಥರ್ಮಾಕೋಲ್ ಚೆನ್ನಾಗಿ ಹಿಡಿದಿದ್ದ."

ಅವಳಿಗೆ ಆ ಕೆಲಸ ಸಿಗಲಿಲ್ಲ. ಕದ್ದವಳು ಎಂದು ಯಾರೂ ಹೇಳಲಿಲ್ಲ, ಫೋನ್ ಎತ್ತುವುದನ್ನು ಬಿಟ್ಟರು ಅಷ್ಟೇ. ಈಗ ಮುಖರ್ಜಿ ನಗರದಲ್ಲೇ ಒಂದು ಕೋಚಿಂಗ್ ಸೆಂಟರಿಗೆ ಭೂಗೋಳದ ನಕ್ಷೆಗಳನ್ನು ಬಿಡಿಸಿಕೊಡುತ್ತಾಳೆ. ಚಿತ್ರ ಮಾಡುವುದಿಲ್ಲ. ಬಟಾಣಿ ಕಾಲದಲ್ಲಿ ನಮ್ಮ ಮನೆಗೆ ಬರುವುದಿಲ್ಲ. ನಮ್ಮ ಗುಂಪು ಇನ್ನೂ ಇದೆ. ಕಳೆದ ವಾರ ಯಾರೋ ಅದೇ ಜಾಹೀರಾತನ್ನು ತಂದು ಹಾಕಿ, ಕೆಳಗೆ ಶ್ರದ್ಧೆಯಿಂದ ಸಂಸ್ಥೆಯ ಹೆಸರು, ನಿರ್ದೇಶಕರ ಹೆಸರು ಬರೆದಿದ್ದರು. ನಿಯಮ ತಪ್ಪಿರಲಿಲ್ಲ.

ಆದ್ದರಿಂದ ಕಂಡವರು ಯಾರು ಎಂಬುದನ್ನಾದರೂ ಬರೆದಿಡುತ್ತೇನೆ. ದಾದಿ ಕಂಡಿದ್ದರು. ನಾವು ಗುರುಗ್ರಾಮಕ್ಕೆ ಹೋಗುವ ಮೊದಲೇ, ಆ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಉಳಿದವರೆಲ್ಲ ಇದ್ದಾರೆ. ಪಕ್ಕದ ತಾರಸಿಯ ಹೆಂಗಸು ಈಗಲೂ ಅದೇ ಮನೆಯಲ್ಲಿದ್ದಾರೆ, ಭಾನುವಾರ ಈಗಲೂ ತಲೆ ಒಣಗಿಸುತ್ತಾರೆ. ಕೇಳಿದರೆ, "ಹಾಂ ಹಾಂ, ಮಟರ್‌ವಾಲೀ ರೈಲ್," ಬಟಾಣಿ ರೈಲು, ಎನ್ನುತ್ತಾರೆ. ನಾನಿದ್ದೇನೆ. ಮಾಡಿದವಳಿದ್ದಾಳೆ. ಥರ್ಮಾಕೋಲ್ ಹಿಡಿದವನೂ ಇದ್ದಾನೆ, ಚೆನ್ನಾಗಿದ್ದಾನೆ. ಅವನು ಬಟಾಣಿಗೆ ನನಗಿಂತ ಹತ್ತಿರ ಕೂತಿದ್ದ.