ಮಾಶಾಕನ ಬತ್ತಿಯ ಬೂದಿ

ಡಂಬಳದಲ್ಲಿ ನನ್ನ ವಾರಿಗೆಯವರು ಯಾರೇ ಇರಲಿ, ಅವರ ಮದುವೆ ಆದದ್ದು ಮಾಶಾಕನ ಬೆಳಕಿನಲ್ಲಿ. ನನ್ನದೊಂದನ್ನು ಬಿಟ್ಟು. ಅದು ಯಾಕೆ ಎಂಬುದನ್ನೂ ಹೇಳುತ್ತೇನೆ. ಊರಿಗೆ ಮರೆವು ಜಾಸ್ತಿ, ನನಗಿಲ್ಲ. ನನಗೆ ಸಿಟ್ಟು ಬರುವುದು ಜಲ್ದಿ, ಇಳಿಯುವುದು ತಡ. ಈ ಒಂದು ವಿಷಯದಲ್ಲಂತೂ ಇನ್ನೂ ಇಳಿದಿಲ್ಲ.

ಮಾಶಾಕ ಗ್ಯಾಸ್‌ಬತ್ತಿ ಬಾಡಿಗೆಗೆ ಕೊಡುವವನು. ಕೊಡುವುದಷ್ಟೇ ಅಲ್ಲ, ತಲೆಯ ಮೇಲೆ ಸಿಂಬಿ ಇಟ್ಟು ತಾನೇ ಹೊತ್ತು ನಡೆಯುವವನು. ಆ ಬತ್ತಿಯೊಳಗೆ ನೂಲಿನ ಸಣ್ಣ ಚೀಲವೊಂದನ್ನು ಕಟ್ಟುತ್ತಾರೆ, ಮ್ಯಾಂಟಲ್ ಅಂತ ಅದರ ಹೆಸರು. ಹೊತ್ತಿಸಿದ ಕೂಡಲೇ ನೂಲು ಸುಟ್ಟು ಹೋಗಿ ಬೂದಿಯ ಚೀಲ ಉಳಿಯುತ್ತದೆ. ಬೆಳ್ಳಗೆ ಉರಿಯುವುದು ಆ ಬೂದಿಯೇ. ಹೊತ್ತವನು ಒಮ್ಮೆ ಎಡವಿದರೆ ಸಾಕು, ಪುಡಿ. ಮಾಶಾಕನದು ಕೊಕ್ಕರೆಯ ಹಾಗೆ ಉದ್ದ ಕತ್ತು, ಅದು ಅಲುಗುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ದಿನ ಊರ ಮೆರವಣಿಗೆಯ ಮುಂದೆ ಕೆರೆಯ ಏರಿಯ ತಗ್ಗು ದಿನ್ನೆಗಳಲ್ಲಿ ಅವನೇ ಬತ್ತಿ ಹೊತ್ತು ನಡೆದಿದ್ದ. ನಮ್ಮ ಮನೆಗೆ ಬಂದಿದ್ದ ಲಕ್ಷ್ಮೇಶ್ವರದ ನೆಂಟರು, ಆಗಿನ್ನೂ ಸಂಸ್ಥಾನದ ಪ್ರಜೆಗಳು, ಅವನನ್ನೇ ನೋಡುತ್ತ ನಿಂತುಬಿಟ್ಟಿದ್ದರು.

ಎಷ್ಟು ಜೋಪಾನ ಮಾಡಿದರೂ ಮ್ಯಾಂಟಲ್ ಒಂದು ದಿನ ಉದುರಲೇಬೇಕು. ಉದುರಿದ್ದನ್ನು ಅವನು ತಿಪ್ಪೆಗೆ ಹಾಕುತ್ತಿರಲಿಲ್ಲ. ಡಬ್ಬಿಯಲ್ಲಿ ಕೂಡಿಸಿ, ಡಬ್ಬಿ ತುಂಬಿದ ಮೇಲೆ ಕಪ್ಪತಗುಡ್ಡದ ದಾರಿಯಲ್ಲಿ ಕಸ್ತೂರೆವ್ವ ಎಂಬ ವಿಧವೆಯ ಹೊಲದ ಮೇಲ್ಗಡೆ ಇರುವ ಬಂಡೆಯ ಸಂದಿಯಲ್ಲಿ ಸುರಿದು, ಕೈಮುಗಿದು ಬರುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಹುಡುಗಿಯಾಗಿದ್ದಾಗ ನಾನು ಯಾಕೆ ಎಂದು ಕೇಳಿದ್ದೆ.

"ದೇವರ ಪಾಲಕಿ ಮುಂದ ಉರಿದದ್ದವ್ವಾ ಇದು. ಮದಿಮಕ್ಕಳ ಮಾರಿ ಬೆಳಗಿದ್ದು. ತಿಪ್ಪ್ಯಾಗ ಹ್ಯಾಂಗ ಒಗಿಲಿ? ಯಾರರ ತುಳದ್ರ ಪಾಪ ನನಗ ಬರ್ತೈತಿ."

ಅವನ ಹೆಂಡತಿ ರಹಿಮತಬಿ ಪಕ್ಕದಲ್ಲೇ ಇದ್ದಳು. "ಬೂದಿ ಜ್ವಾಕಿ ಮಾಡಿದಂಗ ನನ್ನ ಸೀರಿ ಜ್ವಾಕಿ ಮಾಡಿದ್ರ ಅದು ಹರೀತಿದ್ದಿಲ್ಲ ನೋಡವ್ವಾ" ಎಂದು ನಕ್ಕಿದ್ದಳು. ಅವನು ಡಬ್ಬಿ ಹಿಡಿದು ಹೋಗುವುದನ್ನು ಊರೆಲ್ಲ ಕಂಡಿತ್ತು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ.

ಕರ್ನಾಟಕ ಒಂದಾಗುವ ಹಿಂದಿನ ವರ್ಷ. ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದೆವು. ಗುಡ್ಡದ ಬುಡದಲ್ಲಿ ಬಿಳಿ ಡೇರೆಗಳು ಎದ್ದವು. ಹಿಂದೆ ಬ್ರಿಟಿಷರು ಬಂಗಾರ ತೋಡಿ ಬಿಟ್ಟುಹೋದ ಗುಡ್ಡವಲ್ಲವೆ, ಈಗ ಅದರಲ್ಲಿ ಅಣುಶಕ್ತಿಯ ಕಲ್ಲು ಇದೆಯೇನು ಎಂದು ಹುಡುಕಲು ಬಂದ ತಂಡ. ನನ್ನ ಅಣ್ಣ ಪ್ರಹ್ಲಾದ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಅದೇ ತಂಡದಲ್ಲಿ ಹಂಗಾಮಿ ಸಹಾಯಕನಾಗಿದ್ದ. ಅಪ್ಪ ತೀರಿಹೋಗಿದ್ದರು. ಅವನ ನೌಕರಿ ಕಾಯಂ ಆಗಲೆಂದು ಅವ್ವ ಜಾನಕೀಬಾಯಿ ದಿನಾ ಮಾರುತಿಗೆ ತುಪ್ಪದ ದೀಪ ಹಚ್ಚುತ್ತಿದ್ದಳು.

ಅಣ್ಣನ ಹತ್ತಿರ ಒಂದು ಪೆಟ್ಟಿಗೆ ಇತ್ತು. ಗೈಗರ್ ಕೌಂಟರ್. ಅದಕ್ಕೊಂದು ಗಾಜಿನ ನಳಿಗೆ, ಕಿವಿಗೆ ಹಾಕಿಕೊಂಡು ಕೇಳಲು ಎರಡು ಕರಿ ಮುಚ್ಚಳ. ಅದು ಏನು ಮಾಡುತ್ತದೆ ಎಂದು ಕೇಳಿದ್ದಕ್ಕೆ ಅವನು ಸಡಗರದಿಂದ ಹೇಳಿದ್ದ: "ವಿಮಲಾ, ಕೆಲವು ಕಲ್ಲಿನೊಳಗ ಕಣ್ಣಿಗೆ ಕಾಣಲಾರದ ಕಿಡಿ ಇರ್ತಾವ. ಒಂದು ಕಿಡಿ ಹಾರಿದ್ರ ಇದು ಒಮ್ಮೆ ಟಿಕ್ ಅಂತದ. ಏನೂ ಇಲ್ಲದ ಬಯಲಾಗೂ ಅಲ್ಲೊಂದು ಇಲ್ಲೊಂದು ಟಿಕ್ ಇದ್ದ ಇರ್ತದ. ಮೊದಲ ಅದನ್ನ ಎಣಿಸಬೇಕು, ಆಮ್ಯಾಲೆ ಕಲ್ಲಿಂದು. ಇದರಾಗ ಅದನ್ನ ಕಳದ್ರ ಉಳಿಯೋದು ಕಲ್ಲಿನ ಖರೆ."

ಗಾಜಿನ ನಳಿಗೆ ಅಲುಗಬಾರದು. ಅಲುಗದೆ ಹೊರುವವರು ಯಾರು? ಮಾಶಾಕ. ಮುಂಡರಗಿಯ ಕಡೆ ಕರೆಂಟು ಬರುತ್ತಿದೆಯೆಂಬ ಸುದ್ದಿ ಹಬ್ಬಿ ಅವನಿಗೆ ಎದೆ ಹೊಡೆದುಕೊಳ್ಳುತ್ತಿದ್ದ ಕಾಲ ಅದು. ಕಲ್ಲು ಸಿಕ್ಕು ಇಲ್ಲಿ ಗಣಿ ಆದರೆ ನಿನಗೂ ಸರಕಾರಿ ಕಚೇರಿಯ ಸಿಪಾಯಿ ಕೆಲಸ ಎಂದು ಅಣ್ಣ ಹೇಳಿದ. ಮಾಶಾಕ ಸಿಂಬಿಯ ಮೇಲೆ ಪೆಟ್ಟಿಗೆ ಇಟ್ಟು ಗುಡ್ಡ ಸುತ್ತಿದ. ಕಿವಿಯ ಮುಚ್ಚಳ ಹಾಕಿಕೊಳ್ಳುತ್ತಿದ್ದವನು ಅಣ್ಣ. ಹೊತ್ತವನಿಗೆ ಒಂದು ಟಿಕ್ಕೂ ಕೇಳಿಸುತ್ತಿರಲಿಲ್ಲ.

ವಾರಗಟ್ಟಲೆ ಏನೂ ಸಿಗಲಿಲ್ಲ. ಆಮೇಲೆ ಒಂದು ಮುಂಜಾನೆ ಕಸ್ತೂರೆವ್ವನ ಹೊಲದ ಮೇಲಿನ ಬಂಡೆಯ ಹತ್ತಿರ ಅಣ್ಣನ ಕಿವಿಯಲ್ಲಿ ಹುರಿಗಡಲೆ ಸಿಡಿದ ಹಾಗೆ ಆಯಿತಂತೆ. ಸಂದಿಯಲ್ಲಿ ಮಳೆನೀರಿಗೆ ಗಟ್ಟಿಯಾಗಿ ಕೂತ ಬಿಳಿ ಪದರು ಕಂಡಿತು. ಕಲ್ಲೇ ಸವೆದು ಹಾಗಾಗಿದೆ ಎಂದುಕೊಂಡ ಅವನು. ಕೆದರಿ ಒಳಗಿನ ಕಲ್ಲನ್ನು ಬೇರೆಯಾಗಿ ಎಣಿಸಿ ನೋಡಬೇಕಿತ್ತು, ನೋಡಲಿಲ್ಲ. ಓಡಿಬಂದು ವರದಿ ಬರೆದು ಕಳಿಸಿದ. ಮಾಶಾಕ ಅದು ತನ್ನ ಬೂದಿಯ ಜಾಗ ಎಂಬುದನ್ನು ಬಲ್ಲ, ಆದರೆ ಬೂದಿಗೂ ಪೆಟ್ಟಿಗೆಗೂ ಏನು ಸಂಬಂಧ? ದೇವರ ಬೂದಿ ಹಾಕಿದ ಜಾಗ, ಅದಕ್ಕೇ ಭಾಗ್ಯ ತೆರೆಯಿತು ಎಂದು ರಹಿಮತಬಿಗೆ ಹೇಳಿ ಅತ್ತನಂತೆ.

ಊರು ಕುಣಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ. ಗದಗಿನಿಂದ ರೈಲು ಬರುತ್ತದೆ, ದವಾಖಾನೆ ಬರುತ್ತದೆ, ಮನೆಗೊಂದು ಪಗಾರ ಬರುತ್ತದೆ. ಸಂಗಪ್ಪಗೌಡರು ಚಾವಡಿಯಲ್ಲಿ ಮಾಶಾಕನನ್ನು ಪಕ್ಕದಲ್ಲೇ ಕೂರಿಸಿಕೊಂಡು "ನಿನ್ನ ಕೈಗುಣಾಲೇ ಮಾಶಾಕ, ನಿನ್ನ ಕೈಗುಣಾ!" ಎಂದು ಬೆನ್ನು ಚಪ್ಪರಿಸಿದರು. ದೊಡ್ಡ ಸಾಹೇಬರು ಬಂದು ನೋಡುತ್ತಾರೆ, ಅವತ್ತೇ ಮದ್ದು ತುಂಬಿ ಸುರುಂಗ ಹಚ್ಚಿ ಬಂಡೆ ಒಡೆಯುತ್ತಾರೆ ಎಂದು ಸುದ್ದಿಯಾಯಿತು. ಬಂಡೆಯ ಕೆಳಗೇ ಕಸ್ತೂರೆವ್ವನ ಬಾವಿ. ಇಡೀ ಕೇರಿ ಕುಡಿಯುವ ಸಿಹಿನೀರು ಅದು. ಆ ವಿಧವೆ ಗೌಡರ ಮುಂದೆ, ಅಣ್ಣನ ಮುಂದೆ ಸೆರಗೊಡ್ಡಿ ಬೇಡಿದಳು. ಊರಿನ ಉದ್ಧಾರದ ಮುಂದೆ ಒಂದು ಬಾವಿ ಯಾವ ಲೆಕ್ಕ ಎಂದರು.

ಸಾಹೇಬರು ಬರುವ ಹಿಂದಿನ ದಿನ ಸಂಜೆ ಮಾಶಾಕ ನಮ್ಮ ಪಡಸಾಲೆಗೆ ಬಂದ. ಮರುದಿನದ ಮೆರವಣಿಗೆಗೆಂದು ಹೊಸ ಮ್ಯಾಂಟಲ್ ಕಟ್ಟಿ ಬತ್ತಿ ಹೊತ್ತಿಸಿ ತೋರಿಸಲು ತಂದಿದ್ದ. ಅದನ್ನು ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು, ಸಂಕೋಚದಿಂದ ಕೇಳಿದ: "ರಾಯರ, ಇಷ್ಟ ದಿನಾ ಹೊತ್ತೇನಿ. ಒಮ್ಮಿ ನನಗೂ ಕೇಳಸ್ರಿ."

ಅಣ್ಣ ನಗುತ್ತ ಅವನ ಕಿವಿಗೆ ಮುಚ್ಚಳ ಹಾಕಿದ. ನಾನು ಒಳಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಮಾಶಾಕನ ಮುಖ ಅರಳಿತು. "ಭಾಳ ಟಿಕ್ ಟಿಕ್ ಅಂತೈತ್ರಿ!" ಎಂದ. "ಮನ್ಯಾಗೆಲ್ಲಿ ಭಾಳ?" ಎಂದ ಅಣ್ಣ. ಮಾಶಾಕ ಕೈಚಾಚಿ ಬತ್ತಿಯನ್ನು ದೂರ ಸರಿಸಿದ, ಮತ್ತೆ ಹತ್ತಿರ ತಂದ, ಮತ್ತೆ ಸರಿಸಿದ. ಅವನ ಮುಖ ನೋಡನೋಡುತ್ತಿದ್ದಂತೆ ಸಣ್ಣದಾಯಿತು.

"ರಾಯರ, ಬತ್ತಿ ದೂರ ಒಯ್ದ್ರ ಸುಮ್ಮನಾಗತೈತ್ರಿ. ಹಂಗಾದ್ರ ಆ ಸಂದ್ಯಾಗಿಂದು... ಅದು ನನ್ನ ಬತ್ತಿ ಬೂದಿ ಅಲ್ಲೇನ್ರಿ?"

ಅಣ್ಣ ಮುಚ್ಚಳ ಕಸಿದುಕೊಂಡ. ಮಾಶಾಕನ ಜೇಬಿನಲ್ಲಿದ್ದ ಹೊಸ ಮ್ಯಾಂಟಲಿನ ಪೊಟ್ಟಣ ಇಸಿದುಕೊಂಡು ನಳಿಗೆಗೆ ಹಿಡಿದ. ಆಮೇಲೆ ಹಣೆ ಹಣೆ ಬಡಿದುಕೊಂಡ. "ಮ್ಯಾಂಟಲ್ ಮಾಡೋದ ಥೋರಿಯಂ ಉಪ್ಪಿನಾಗ ಅದ್ದಿ. ಥೋರಿಯಂ ಕಿಡಿ ಹಾರಸ್ತದ. ಕಾಲೇಜಿನಾಗ ಓದೇನಿ. ಓದೇನಿ ನಾನು!"

ಬಾಗಿಲ ಕಡೆ ನೋಡಿ ಅಣ್ಣ ದನಿ ತಗ್ಗಿಸಿದ. "ಮಾಶಾಕ, ಇದನ್ನ ಯಾರ ಮುಂದೂ ಆಡಬ್ಯಾಡ. ಸಾಹೇಬ್ರು ಬಂದು ನೋಡಿ ಹೋಗಲಿ. ನನ್ನ ನೌಕರಿ ಕಾಯಂ ಆಗ್ತದ, ನಿಂದೂ ಆಗ್ತದ. ಆಮ್ಯಾಲೆ ಏನೂ ಸಿಗಲಿಲ್ಲಂದ್ರ ಅದು ಕಲ್ಲಿನ ತಪ್ಪು."

"ನಾಳೆ ಸುರುಂಗ ಹಚ್ತಾರಲ್ರಿ. ಕಸ್ತೂರೆವ್ವನ ಬಾವಿ?"

"ಸರಕಾರ ಬ್ಯಾರೆ ಬಾವಿ ತೋಡಸ್ತದ."

"ಆ ಸೆಲಿ ಒಡದ್ರ ಮತ್ತ ಹುಟ್ಟತೈತೇನ್ರಿ?"

ಮಾಶಾಕ ಬತ್ತಿ ಆರಿಸಿ ಎತ್ತಿಕೊಂಡು ಹೋದ. ಅವ್ವ ದೇವರ ಮನೆಯಿಂದ ಹೊರಗೆ ಬಂದು ನನ್ನ ಮುಖ ನೋಡಿ "ನೀ ಏನೂ ಕೇಳಿಲ್ಲ" ಎಂದಳು.

ಮರುದಿನ ಬಂಡೆಯ ಸುತ್ತ ಊರೇ ನೆರೆದಿತ್ತು. ಸಾಹೇಬರು ಬಂದರು, ಹಾರ ಹಾಕಿಸಿಕೊಂಡರು. ಸುರುಂಗದವರು ಕಲ್ಲು ಕೊರೆಯಲು ಕೂತರು. ಆಗ ಮಾಶಾಕ ಗುಂಪಿನಿಂದ ಮುಂದೆ ಬಂದು ಬಂಡೆಗೆ ಅಡ್ಡ ನಿಂತ. "ತಡೀರಿ ಸಾಹೇಬ್ರ. ಇದು ಕಲ್ಲಲ್ರಿ. ನನ್ನ ಬತ್ತಿ ಬೂದಿ. ನಮ್ಮಪ್ಪನ ಕಾಲದಿಂದ ಇಲ್ಲೇ ಹಾಕೇವಿ." ಎಂದವನು ಮ್ಯಾಂಟಲಿನ ಪೊಟ್ಟಣವನ್ನು ಅವರ ಕೈಗೆ ಕೊಟ್ಟ.

ಸಾಹೇಬರು ಪೊಟ್ಟಣವನ್ನು ನಳಿಗೆಗೆ ಹಿಡಿದು ಕೇಳಿದರು. ಬೂದಿಯನ್ನೆಲ್ಲ ಕೆರೆಸಿ ತೆಗೆಸಿ ಬರಿಗಲ್ಲಿಗೆ ಹಿಡಿದು ಕೇಳಿದರು. ಬರಿಗಲ್ಲು ಬಯಲಿನಷ್ಟೇ ಮಾತಾಡಿತು. ಅವರ ಮುಖ ಕೆಂಪಾಯಿತು. ಬೂದಿಯನ್ನು ಕಲ್ಲಿನ ಸಂದಿಯಲ್ಲಿ ಯಾರಾದರೂ ಯಾಕೆ ಇಡುತ್ತಾರೆ, ಅದು ಅವರ ತಲೆಗೆ ಹೋಗಲೇ ಇಲ್ಲ. ದೇವರು, ಪಾಲಕಿ, ತುಳಿಯಬಾರದು ಎಂದು ಮಾಶಾಕ ಹೇಳುತ್ತಿದ್ದ. ಅವರು ಅಣ್ಣನ ಕಡೆ ತಿರುಗಿ, ನಿನಗಿದು ಗೊತ್ತಿತ್ತೆ ಎಂದು ಕೇಳಿದರು.

"ಇಲ್ಲ ಸರ್" ಎಂದ ನನ್ನ ಅಣ್ಣ. "ನೌಕರಿ ಆಸೆಕ್ಕ ಇವನೇ ಬೇಕಂತ ತಂದು ಹಾಕಿರಬೇಕು. ಈಗ ಸಿಕ್ಕಿಬೀಳ್ತೀನಂತ ಹೆದರಿ ಹೇಳ್ಯಾನ."

ಅಯ್ಯೋ, ಭೂಮಿ ಬಾಯಿಬಿಡಬಾರದಿತ್ತೆ! ನಾನು ಕೂಗಿಯೇಬಿಟ್ಟೆ: "ಅಣ್ಣಾ, ಸುಳ್ಳ ಹೇಳಬ್ಯಾಡ! ನಿನ್ನೆ ನಮ್ಮ ಪಡಸಾಲ್ಯಾಗ ನಿನ್ನ ಮುಂದ..." ಅವ್ವನ ಅಂಗೈ ನನ್ನ ಬಾಯಿಯ ಮೇಲೆ ಬಿತ್ತು. "ಹೆಣ್ಮಕ್ಕಳಿಗೆ ಇಲ್ಲೇನ ಕೆಲಸ, ಮನಿಗೆ ಕರಕೊಂಡ ನಡೀರಿ" ಎಂದರು ಗೌಡರು. ಅದನ್ನಾದರೂ ಬಿಡಿ. ಅಲ್ಲಿ ನಿಂತಿದ್ದವರೆಲ್ಲ ಅವನು ಡಬ್ಬಿ ಹಿಡಿದು ಗುಡ್ಡಕ್ಕೆ ಹೋಗುವುದನ್ನು ಹುಟ್ಟಿದಾಗಿನಿಂದ ಕಂಡವರು. "ಹೌದ್ರಿ ಸಾಹೇಬ್ರ, ನಾವು ನೋಡೇವಿ" ಎಂದು ಒಬ್ಬನಾದರೂ ಅಂದನೆ? ಎಲ್ಲರ ಬಾಯಲ್ಲಿ ಕಡುಬು ತುರುಕಿತ್ತು. ಬಂದ ರೈಲು, ಬಂದ ಪಗಾರ ಎಲ್ಲವನ್ನೂ ಅವನೊಬ್ಬನೇ ಕಸಿದುಕೊಂಡ ಹಾಗೆ ನೋಡುತ್ತಿದ್ದರು.

ಮಾಶಾಕ ಅಣ್ಣನನ್ನು ನೋಡಿದ. "ರಾಯರ, ನೀವು ಹಂಗಂದ್ರಿ..." ಎಂದ. ಆಮೇಲೆ "ಆತು ಬಿಡ್ರಿ" ಎಂದು ಸಿಂಬಿಯ ಅರಿವೆ ಕೊಡವಿಕೊಂಡು ಇಳಿದುಹೋದ.

ತಂಡದವರು ಡೇರೆ ಕಿತ್ತರು. ಸಾಹೇಬರು ಅಣ್ಣನ ಮಾತನ್ನೇ ನಂಬಿದರು; ಅವನ ನೌಕರಿ ಕಾಯಂ ಆಯಿತು, ಮುಂಬಯಿಗೆ ಹೋದ. ಮಾಶಾಕನಿಗೆ ಮೋಸಗಾರ ಎಂಬ ಹೆಸರು ಉಳಿಯಿತು. ಆ ಬಂಡೆಯ ಕಡೆ ಕಾಲಿಟ್ಟರೆ ನೋಡು ಎಂದು ಗೌಡರು ಹೇಳಿ ಕಳಿಸಿದರು. ಮದುವೆಗಳಿಗೆ ಗದಗಿನಿಂದ ಬತ್ತಿ ತರಿಸಲು ಶುರುಮಾಡಿದರು. ಮೊದಲು ತರಿಸಿದ್ದು ನಮ್ಮ ಮನೆಯವರೇ, ನನ್ನ ಮದುವೆಗೆ. ಮಾಶಾಕನ ಬತ್ತಿ ಇಲ್ಲದಿದ್ದರೆ ಹಸೆಗೆ ಏರುವುದಿಲ್ಲ ಎಂದು ಹಟ ಹಿಡಿದೆ. ಅವ್ವ ಬಾವಿಗೆ ಬೀಳುತ್ತೇನೆ ಎಂದಳು. ಊರಲ್ಲೇ ಕೊಟ್ಟಿದ್ದರಿಂದ ಮರುದಿನವೂ ಅವನ ಮುಖ ನೋಡುವುದು ನನಗೆ ತಪ್ಪಲಿಲ್ಲ. ಕಸ್ತೂರೆವ್ವ ಮಾತ್ರ ತನ್ನ ಬಾವಿಯ ನೀರನ್ನು ದಿನಾ ಒಂದು ಕೊಡ ಮಾಶಾಕನ ಮನೆಯ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದಳು.

ಕರ್ನಾಟಕ ಒಂದಾದ ದಿನ ಮತ್ತೆ ಮೆರವಣಿಗೆ. ಗದಗಿನ ಬತ್ತಿಯವನು ಕೆರೆಯ ಏರಿಯ ಮೇಲೆ ಎಡವಿದ, ಮ್ಯಾಂಟಲ್ ಉದುರಿತು. ಅವನ ಹತ್ತಿರ ಬೇರೆ ಇರಲಿಲ್ಲ. ಕತ್ತಲಲ್ಲಿ ಜೈಕಾರ ನಿಂತುಹೋಯಿತು. "ಮಾಶಾಕನ್ನ ಕರೀರಿ" ಎಂದು ಗೌಡರೇ ಅಂದರು. ಮಾಶಾಕ ಬಂದ. ಯಾರನ್ನೂ ನೋಡದೆ ಹೊಸ ಮ್ಯಾಂಟಲ್ ಕಟ್ಟಿದ, ಹೊತ್ತಿಸಿದ. ಬೆಳಕು ಬಂದದ್ದೇ ತಡ, ಗದಗಿನವನು ಬತ್ತಿ ಹೊತ್ತ, ಜನ ಕೂಗುತ್ತ ಮುಂದೆ ನಡೆದರು. ನೀನೂ ಬಾ ಎಂದು ಒಬ್ಬರೂ ಅನ್ನಲಿಲ್ಲ. ಅವನು ಕುಕ್ಕುರುಗಾಲಿನಲ್ಲಿ ಕೂತು, ಜನರ ಕಾಲುಗಳ ನಡುವೆ ಕೈ ಹಾಕಿ, ಉದುರಿದ ಬೂದಿಯನ್ನು ಮಣ್ಣಿನ ಸಮೇತ ಬಳಿದು ಡಬ್ಬಿಗೆ ಹಾಕುತ್ತಿದ್ದ. ನಾನು ಹೆಂಗಸರ ಗುಂಪಿನಲ್ಲಿ ನಿಂತು ನೋಡಿ ಅತ್ತೆ.

ಮಾಶಾಕ ಎಲ್ಲರ ಹಾಗೆ ಮುದುಕನಾಗಿ, ಊರಿಗೆ ಕರೆಂಟು ಬಂದ ಮೇಲೆ ತೀರಿಕೊಂಡ. ಕೊನೆಗಾಲದಲ್ಲಿ ಯಾರಾದರೂ ಬಾಗಿಲ ಮುಂದೆ ನಿಂತರೆ, "ನಾ ಮೋಸ ಮಾಡಿಲ್ಲರೀ" ಎಂದು ಕೇಳದಿದ್ದರೂ ಹೇಳುತ್ತಿದ್ದನಂತೆ.

ಮುಂದೆ ಅವ್ವ ತೀರಿದಾಗ ಅಣ್ಣ ಊರಿಗೆ ಬಂದ. ದೊಡ್ಡ ವಿಜ್ಞಾನಿ ಎಂದು ಊರೆಲ್ಲ ಅವನ ಸುತ್ತ. ವೈಕುಂಠ ಸಮಾರಾಧನೆಯ ದಿನ ಪಡಸಾಲೆ ತುಂಬ ಜನ ಕೂತಿದ್ದಾಗ ರಹಿಮತಬಿ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಳು. ಬುಟ್ಟಿಯ ತುಂಬ ಡಬ್ಬಿಗಳು.

"ರಾಯರ, ಹಾಕಾಕ ಜಾಗಾ ಇಲ್ಲಂತ ಇವನ್ನ ಮನ್ಯಾಗ ಇಟ್ಟುಕೊಂಡ್ರು ನಮ್ಮವ್ರು. ಎಲ್ಲಿ ಹಾಕ್ಲಿ ಹೇಳ್ರಿ. ಮತ್ತ ಒಂದ ಮಾತು... ಇಷ್ಟ ಮಂದಿ ಕೂತಾರ. ಅವ್ರು ಮೋಸಗಾರ ಅಲ್ಲಂತ ಒಮ್ಮಿ ನಿಮ್ಮ ಬಾಯಲೆ ಅಂದುಬಿಡ್ರಿ. ಅಷ್ಟ ಸಾಕು ನನಗ."

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಣ್ಣನ ತುಟಿಯನ್ನೇ ನೋಡುತ್ತಿದ್ದೆ. ಈಗ ಅನ್ನುತ್ತಾನೆ, ಈಗಲಾದರೂ ಅನ್ನುತ್ತಾನೆ.

"ಇವನ್ನ ಎಲ್ಲಿ ಇಟ್ಟಿದ್ರಿ?" ಎಂದು ಕೇಳಿದ ಅಣ್ಣ.

"ಅವ್ರು ಮಲಗೂ ಹೊರಸಿನ ಬುಡಕ."

ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ಬಾವಿ ಹತ್ರ ಹಾಕಬ್ಯಾಡ್ರಿ. ಊರ ಹೊರಗ ಆಳವಾಗಿ ತಗ್ಗು ತೋಡಿ ಮುಚ್ಚರಿ. ಕೈ ತೊಳ್ಕೋರಿ" ಎಂದ. ಎಂದು ಒಳಗೆ ಹೋಗಿ ತಾನೂ ಕೈ ತೊಳೆದುಕೊಂಡು ಎಲೆಯ ಮುಂದೆ ಕೂತ.